ಹೊಸೂರಿನಿಂದ ನೇಪಾಳಕ್ಕೆ: ಬೆಂಗಳೂರು ದಾಟುವ ನಾಲ್ಕು ದಾರಿ ಓಡಿಸಿ ನೋಡಿದೆ

ಹೊಸೂರಿನಿಂದ ನೇಪಾಳದ ಸುನೌಲಿ ಗಡಿಗೆ ಎರಡು ಸಾವಿರ ಕಿ.ಮೀ.ಗೂ ಜಾಸ್ತಿ. ಅಷ್ಟರಲ್ಲಿ ನನ್ನ ನಿದ್ದೆ ಕೆಡಿಸಿದ್ದು ಮೊದಲ ನೂರು ಕಿ.ಮೀ. ಮಾತ್ರ. ಯಾಕೆ ಅಂತ ಹೊಸೂರಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನಾವು ಉತ್ತರಕ್ಕೆ ಎಲ್ಲಿಗೆ ಹೊರಟರೂ ಬಾಗಿಲಿಗೆ ಅಡ್ಡ ಮಂಚ ಹಾಕಿದ ಹಾಗೆ ಬೆಂಗಳೂರು ಮಲಗಿರುತ್ತದೆ.

ನಮ್ಮೂರ ಮುಂದೆ ಹಾದು ಹೋಗುವ ಹೈವೇಗೆ ಈಗ 44 ಅಂತ ನಂಬರು. 2010ರಲ್ಲಿ ನಂಬರುಗಳು ಬದಲಾಗುವ ಮುಂಚೆ ಅದು 7. ಕಾಶಿಯಲ್ಲಿ ಶುರುವಾಗಿ ಕನ್ಯಾಕುಮಾರಿಯಲ್ಲಿ ಮುಗಿಯುತ್ತಿದ್ದ ರಸ್ತೆ, 2,369 ಕಿ.ಮೀ. ಅಂದರೆ ಆಗಿನ ಕಾಲಕ್ಕೆ ಹೊಸೂರಿನಲ್ಲಿ ಗಾಡಿ ಹತ್ತಿ ಒಂದೇ ನಂಬರು ಹಿಡಿದು ಹೋದರೆ ಕಾಶಿ ಸಿಗುತ್ತಿತ್ತು. ಅಲ್ಲಿಂದ ಗೋರಖ್‌ಪುರ. ಮತ್ತೆ ನೂರು ಕಿ.ಮೀ. ಆಸುಪಾಸು ಹೋದರೆ ಸುನೌಲಿ. ಇದನ್ನು ಕೇಳಿದ ಅಮ್ಮ, "ನೇಪಾಳಕ್ಕಾದ್ರೂ ಹೋಗು, ಎಲ್ಲಿಗಾದ್ರೂ ಹೋಗು, ಒಂದು ಚೊಂಬು ಗಂಗೆ ತಗೊಂಡು ಬಾ" ಅಂದಳು. ಅವಳ ಲೆಕ್ಕದಲ್ಲಿ ನಾವು ಹೊರಟಿದ್ದು ಕಾಶಿಯಾತ್ರೆಗೆ.

ಹೊರಡೋದು ನಾನು ಮತ್ತು ಭಾವ, ಎರಡು ಬೈಕಿನಲ್ಲಿ. ನನ್ನದು ಹಿಮಾಲಯನ್ 411, ಭಾವನದು ಪಲ್ಸರ್. ಮೊದಲ ದಿನವೇ ಹೈದರಾಬಾದ್ ದಾಟಬೇಕು ಅಂತ ಯೋಚನೆ. ಅದು ಸುಮಾರು 600 ಕಿ.ಮೀ. ಬೆಂಗಳೂರು ದಾಟುವಷ್ಟರಲ್ಲೇ ಮೈ ಕೈ ನುಜ್ಜಾದರೆ ಉಳಿದ 500 ಯಾರು ಓಡಿಸೋದು? ಹಾಗಾಗಿ ಹೊರಡುವ ಮುಂಚೆ ಒಂದೂವರೆ ತಿಂಗಳಲ್ಲಿ, ರಜಾ ಸಿಕ್ಕಾಗಲೆಲ್ಲ ಒಂದೊಂದು ದಾರಿ ಓಡಿಸಿ ನೋಡಿದೆ. ಪ್ರತಿ ಸಲವೂ ಚಂದ್ರಚೂಡೇಶ್ವರ ಬೆಟ್ಟದ ಕೆಳಗೆ ಮೀಟರು ಸೊನ್ನೆ ಮಾಡೋದು, ಚಿಕ್ಕಬಳ್ಳಾಪುರದಲ್ಲಿ ನಿಲ್ಲಿಸೋದು. ಎರಡೂ ಸೈಡ್ ಬಾಕ್ಸ್‌ಗೆ ಹತ್ತತ್ತು ಕೆಜಿ ಅಕ್ಕಿ ತುಂಬಿದ್ದೆ. ಖಾಲಿ ಗಾಡಿಯಲ್ಲಿ ಓಡಿಸಿ ನೋಡಿದರೆ ಅದು ಪರೀಕ್ಷೆ ಅಲ್ಲ, ಅಲ್ವಾ?

ಟೈಮು, ಕಿ.ಮೀ. ಬರೆದುಕೊಂಡೆ. ಆದರೆ ನಾನು ನಿಜವಾಗಿ ನೋಡಿದ್ದು ಬೇರೆ. ಚಿಕ್ಕಬಳ್ಳಾಪುರದಲ್ಲಿ ಇಳಿದ ತಕ್ಷಣ ಎಡಗೈಯಲ್ಲಿ ಕಾಫಿ ಲೋಟ ಹಿಡಿಯೋದು. ಚೆಲ್ಲದೆ ಕುಡಿಯೋಕೆ ಆಗುತ್ತಾ? ಕ್ಲಚ್ ಹಿಡಿಯುವ ಕೈ ಅದು. ಅದು ಸುಳ್ಳು ಹೇಳಲ್ಲ.

ಮೊದಲು ನೆಟ್ಟಗೆ ಊರೊಳಗೆ ಹೋದೆ. ಅತ್ತಿಬೆಲೆ, ಚಂದಾಪುರ, ಬೊಮ್ಮಸಂದ್ರ, ಸಿಲ್ಕ್ ಬೋರ್ಡ್, ಅಲ್ಲಿಂದ ಔಟರ್ ರಿಂಗ್ ರಸ್ತೆ ಹಿಡಿದು ಹೆಬ್ಬಾಳ. ಭಾನುವಾರ ಹೋದರೆ ಬೆಂಗಳೂರು ಸುಮ್ನೆ ಸಾಧುವಿನ ಹಾಗೆ ಕಾಣುತ್ತೆ ಅಂತ ಬೇಕಂತಲೇ ಕೆಲಸದ ದಿನ ಆರಿಸಿಕೊಂಡೆ. ಎಲೆಕ್ಟ್ರಾನಿಕ್ ಸಿಟಿವರೆಗೂ ಕಂಪನಿ ಬಸ್ಸುಗಳ ಜೊತೆ ಓಟ, ಪರವಾಗಿಲ್ಲ. ಸಿಲ್ಕ್ ಬೋರ್ಡ್‌ನಿಂದ ಮುಂದೆ ಮೆಟ್ರೋ ನೀಲಿ ಮಾರ್ಗದ ಕಂಬಗಳ ಪಕ್ಕ ಮೊದಲನೇ ಗೇರು, ಎರಡನೇ ಗೇರು, ಮತ್ತೆ ಮೊದಲನೇ ಗೇರು. ಮಾರತ್ತಹಳ್ಳಿ ಹತ್ತಿರ ಬಲಗಡೆ ಬಾಕ್ಸು ಒಂದು ಆಟೋಗೆ ಸವರಿತು. ನನ್ನ ಗಾಡಿ ಎಷ್ಟು ಅಗಲ ಅಂತ ನನಗೇ ನೆನಪಿರಲಿಲ್ಲ. ಆಟೋದವರು ಇಳಿದು ಬಂದು ಟಿಎನ್ 70 ಪ್ಲೇಟು ನೋಡಿದರು, ಬಾಕ್ಸು ನೋಡಿದರು.

"ಏನ್ ಸಾರ್, ಲಡಾಖಾ?"

"ಇಲ್ಲ ಅಣ್ಣ, ನೇಪಾಳಕ್ಕೆ. ಇವತ್ತಲ್ಲ, ಮುಂದಿನ ತಿಂಗಳು."

"ಮೊದ್ಲು ಟಿನ್ ಫ್ಯಾಕ್ಟರಿ ದಾಟಿ ನೋಡಿ."

ದಾಟಿದೆ. ಚಿಕ್ಕಬಳ್ಳಾಪುರ ಮುಟ್ಟಿದಾಗ 112 ಕಿ.ಮೀ., ಮೂರು ಗಂಟೆ ಇಪ್ಪತ್ತು ನಿಮಿಷ. ಲೋಟ ಹಿಡಿದರೆ ಹೆಬ್ಬೆರಳಿನ ಬುಡ ಕುಣಿಯುತ್ತಿತ್ತು. ಅರ್ಧ ಕಾಫಿ ಜಾಕೆಟ್ಟಿಗೆ.

ಎರಡನೇ ದಾರಿ ಅತ್ತಿಬೆಲೆಯಿಂದ ಬಲಕ್ಕೆ ತಿರುಗಿ ಸರ್ಜಾಪುರ, ಹೊಸಕೋಟೆ, ದೇವನಹಳ್ಳಿ. ಮ್ಯಾಪಿನಲ್ಲಿ ನೋಡಿದರೆ ಇದೇ ಬುದ್ಧಿವಂತರ ದಾರಿ ಅನ್ನಿಸುತ್ತೆ. ಆದರೆ ಹಗಲು ಹೊತ್ತು ಊರೊಳಗೆ ಬಿಡದ ಲಾರಿಗಳಿಗೂ ಇದೇ ಬುದ್ಧಿ ಹೊಳೆದಿರುತ್ತೆ. ಹೊಸಕೋಟೆವರೆಗೆ ಕಂಟೇನರ್ ಲಾರಿಗಳ ಹಿಂದೆ ಧೂಳು ಕುಡಿದಿದ್ದೇ ಬಂತು. ಹೊಸಕೋಟೆಯಿಂದ ಆಚೆ ರಸ್ತೆ ಅಗಲ, ಗಾಳಿಯೂ ಚೆನ್ನಾಗಿದೆ. ಆದರೆ ಅಷ್ಟು ಹೊತ್ತಿಗೆ ಮನಸ್ಸು ಕೆಟ್ಟಿರುತ್ತೆ. ಇದರ ಬಗ್ಗೆ ಇಷ್ಟು ಸಾಕು.

ಮೂರನೇದು ನೈಸ್ ರಸ್ತೆ. ಇದರ ಮೇಲೆ ನನಗೆ ಭಾರಿ ನಂಬಿಕೆ ಇತ್ತು. ಎಲೆಕ್ಟ್ರಾನಿಕ್ ಸಿಟಿ ಹತ್ತಿರ ಹತ್ತಿದರೆ ಬನ್ನೇರುಘಟ್ಟ ರಸ್ತೆ, ಕನಕಪುರ ರಸ್ತೆ, ಮೈಸೂರು ರಸ್ತೆ, ಮಾಗಡಿ ರಸ್ತೆ ಎಲ್ಲವನ್ನೂ ದಾಟಿಸಿ ಮಾದಾವರದಲ್ಲಿ ತುಮಕೂರು ರಸ್ತೆಗೆ ಬಿಡುತ್ತೆ. ಒಂದೇ ಒಂದು ಸಿಗ್ನಲ್ ಇಲ್ಲ. ಅಲ್ಲಿಂದ ನೆಲಮಂಗಲ, ಮಧುರೆ, ದೊಡ್ಡಬಳ್ಳಾಪುರ, ದೇವನಹಳ್ಳಿ. ಊರನ್ನು ಪಶ್ಚಿಮದಿಂದ ಅರ್ಧ ಪ್ರದಕ್ಷಿಣೆ ಹಾಕಿದ ಹಾಗೆ.

ಭಾವ, "ನಾಲ್ಕಕ್ಕೆ ಹೊರಟುಬಿಡೋಣ, ಐದೂವರೆಗೆ ನೆಲಮಂಗಲ" ಅಂದರು. ನಾಲ್ಕಕ್ಕೇ ಹೊರಟ್ವಿ. ನಾಲ್ಕೂವರೆಗೆ ಟೋಲ್ ಹತ್ತಿರ ನಿಂತ್ವಿ. ಬೂತಿನಲ್ಲಿದ್ದ ಹುಡುಗ ನಮ್ಮನ್ನು ನೋಡಿ ಕೈ ಅಡ್ಡ ಆಡಿಸಿದ. ರಾತ್ರಿ ಹತ್ತರಿಂದ ಬೆಳಿಗ್ಗೆ ಐದರವರೆಗೆ ಆ ರಸ್ತೆಗೆ ಬೈಕು ಬಿಡಲ್ಲ. ಪೊಲೀಸರು ಮಾಡಿದ ನಿಯಮ, ಅಪಘಾತಗಳ ಕಾರಣಕ್ಕೆ. ತಪ್ಪು ನಮ್ಮದೇ, ಮೊದಲೇ ವಿಚಾರಿಸಬೇಕಿತ್ತು. ಅರ್ಧ ಗಂಟೆ ರಸ್ತೆ ಪಕ್ಕ ಕೂತು ಸೊಳ್ಳೆ ಹೊಡೆದ್ವಿ. ಬೆಳಗಿನ ಜಾವ ಹೊರಡೋದರಿಂದ ಸಿಗುವ ಲಾಭವೆಲ್ಲ ಅಲ್ಲೇ ಕೈಬಿಟ್ಟು ಹೋಯಿತು. ಇದು ಸಣ್ಣ ವಿಷಯ ಅಲ್ಲ. ದೂರ ಹೋಗುವ ಬೈಕಿನವನಿಗೆ ನಾಲ್ಕರಿಂದ ಆರರವರೆಗಿನ ಹೊತ್ತೇ ಬಂಗಾರ.

ಐದರ ಮೇಲೆ ಹತ್ತಿದ ಮೇಲೆ ಮಾತ್ರ ಬೆಣ್ಣೆ. ಐದನೇ ಗೇರಿನಲ್ಲಿ ಹಾಕಿದರೆ ಕ್ಲಚ್ಚಿಗೆ ಕೆಲಸವೇ ಇಲ್ಲ. ಆದರೆ ಒಂದು ಟೀ ಅಂಗಡಿಯೂ ಇಲ್ಲ, ನಡುನಡುವೆ ನಿಂತು ಬೈಕಿಗೂ ಟೋಲ್ ಕೊಡಬೇಕು. ನ್ಯಾಷನಲ್ ಹೈವೇಗಳಲ್ಲಿ ಬೈಕಿಗೆ ಟೋಲ್ ಇಲ್ಲ ಅನ್ನೋ ಅಭ್ಯಾಸಕ್ಕೆ ಕೈಗವಸು ತೆಗೆದು ಚಿಲ್ಲರೆ ಹುಡುಕೋದು ಒಂದು ರಗಳೆ. ನೆಲಮಂಗಲದಿಂದ ದೊಡ್ಡಬಳ್ಳಾಪುರದ ದಾರಿ ತಕ್ಕಮಟ್ಟಿಗೆ ಚೆನ್ನಾಗಿದೆ. ದೊಡ್ಡಬಳ್ಳಾಪುರದ ಒಳಗೆ ಹೋದಾಗ ಪವರ್‌ಲೂಮ್‌ಗಳ ಟಕ್ಕಟಕ್ಕ ಹೆಲ್ಮೆಟ್ಟಿನ ಒಳಗೂ ಕೇಳಿಸಿತು.

ಒಟ್ಟು 145 ಕಿ.ಮೀ. ಸೊಳ್ಳೆ ಹೊಡೆದ ಅರ್ಧ ಗಂಟೆ ಬಿಟ್ಟರೆ ಎರಡು ಮುಕ್ಕಾಲು ಗಂಟೆ, ಸೇರಿಸಿದರೆ ಮೂರೂಕಾಲು. ಕಾಫಿ ಲೋಟ ಗಟ್ಟಿಯಾಗಿ ನಿಂತಿತು. ಭಾವನ ಪ್ರಕಾರ ಇದೇ ಗೆದ್ದಿತು. "ಮೂವತ್ತು ಕಿ.ಮೀ. ಜಾಸ್ತಿ ಆದ್ರೆ ಆಗ್ಲಿ, ಒಂದು ಲೀಟರ್ ಪೆಟ್ರೋಲ್ ಅಷ್ಟೇ" ಅಂತ ಅವರ ವಾದ. ದೊಡ್ಡಬಳ್ಳಾಪುರದಿಂದ ದೇವನಹಳ್ಳಿಗೆ ಬರದೆ ನೇರ ಗೌರಿಬಿದನೂರು, ಹಿಂದೂಪುರ ಹಿಡಿದರೆ ಮುಂದೆ ಆಂಧ್ರದಲ್ಲೇ 44ಕ್ಕೆ ಸೇರಬಹುದು ಅಂತಲೂ ಹೇಳಿದರು. ಅದು ನಿಜ. ಆದರೆ ಹೊಸೂರು ಪೂರ್ವದ ಕಡೆ ಇದ್ದು ನಾವು ಪಶ್ಚಿಮಕ್ಕೆ ಸುತ್ತಿಕೊಂಡು ಹೋಗೋದು ನನಗೆ ಯಾಕೋ ಒಪ್ಪಿಗೆ ಆಗಲಿಲ್ಲ.

ನಾಲ್ಕನೇದನ್ನು ಹೇಳಿದ್ದು ನಮ್ಮೂರ ಕೈಗಾರಿಕಾ ಪ್ರದೇಶ ಸಿಪ್ಕಾಟ್‌ನಲ್ಲಿ ನನ್ನ ಜೊತೆ ಕೆಲಸ ಮಾಡುವ ಮಾಲೂರಿನ ಗೆಳೆಯ. ದಿನಾ ಬೈಕಿನಲ್ಲೇ ಬಂದು ಹೋಗುವವನು. "ಬೆಂಗಳೂರಿನ ಮುಖ ಯಾಕೋ ನೋಡ್ತೀಯ? ಬಾಗಲೂರ ಮೇಲೆ ಬಾ" ಅಂದ. ಹೊಸೂರು, ಬಾಗಲೂರು, ಮಾಲೂರು, ನರಸಾಪುರ, ವೇಮಗಲ್, ಹೆಚ್ ಕ್ರಾಸ್, ಶಿಡ್ಲಘಟ್ಟ, ಚಿಕ್ಕಬಳ್ಳಾಪುರ. ಮ್ಯಾಪು ತಾನಾಗಿ ಈ ದಾರಿ ತೋರಿಸಲೇ ಇಲ್ಲ. ಒಂದೊಂದೇ ಊರಿನ ಹೆಸರು ಹಾಕಿ ಬಲವಂತ ಮಾಡಬೇಕಾಯಿತು.

ಐದಕ್ಕೆ ಹೊರಟೆ. ಬಾಗಲೂರಿನ ಕಡೆ ಗುಲಾಬಿ ತೋಟಗಳ ಪಾಲಿಹೌಸ್‌ಗಳು ಮಬ್ಬಿನಲ್ಲಿ ಬೆಳ್ಳಗೆ ಕಾಣುತ್ತಿದ್ದವು. ಗಡಿ ಎಲ್ಲಿ ದಾಟಿದೆ ಅಂತ ಬೋರ್ಡ್ ನೋಡೋದೇ ಬೇಕಿಲ್ಲ, ಟಾರಿನ ಬಣ್ಣ ಬದಲಾಗುತ್ತೆ. ಮಾಲೂರು ಹತ್ತಿರವಾದಾಗ ಹಂಚು, ಇಟ್ಟಿಗೆ ಸುಡುವ ಗೂಡುಗಳ ಹೊಗೆ ವಾಸನೆ. ನರಸಾಪುರದಲ್ಲಿ ಕೋಲಾರದ ಹೈವೇ ದಾಟುವಾಗ ಹೋಂಡಾ ಫ್ಯಾಕ್ಟರಿಯ ಶಿಫ್ಟು ಬಸ್ಸುಗಳು ಸಾಲಾಗಿ ಹೋಗುತ್ತಿದ್ದವು. ಅದೊಂದು ಕಡೆ ಐದು ನಿಮಿಷ ನಿಂತೆ. ಮಿಕ್ಕಂತೆ ಇಡೀ ದಾರಿಯಲ್ಲಿ ಕ್ಲಚ್ ಹಿಡಿದಿದ್ದು ಹಂಪುಗಳಿಗೆ ಮಾತ್ರ.

ದಾರಿಯ ಪಕ್ಕ ಕೆರೆಗಳಲ್ಲಿ ನೀರಿತ್ತು. ನಾನು ಚಿಕ್ಕವನಿದ್ದಾಗ ಈ ಕಡೆ ಕೆರೆ ಅಂದರೆ ಜಾಲಿ ಗಿಡ ಬೆಳೆದ ಬಯಲು. ಬೆಂಗಳೂರಿನ ಕೊಳಚೆ ನೀರನ್ನು ಶುದ್ಧ ಮಾಡಿ ಕೋಲಾರದ ಕೆರೆಗಳಿಗೆ ಬಿಡೋಕೆ ಶುರು ಮಾಡಿದ್ದು 2018ರಲ್ಲಿ. ಬೆಂಗಳೂರನ್ನು ತಪ್ಪಿಸಿ ಬಂದೆ ಅಂದುಕೊಂಡರೆ ಅದರ ನೀರು ಇಲ್ಲಿಗೂ ಬಂದು ಕೂತಿದೆ.

ಶಿಡ್ಲಘಟ್ಟದ ಹತ್ತಿರ ಟೀ ಕುಡಿಯೋಕೆ ನಿಂತೆ. ಪಕ್ಕದಲ್ಲಿ ಒಬ್ಬ ಅಜ್ಜ, ಟಿವಿಎಸ್ ಗಾಡಿಯ ಮೇಲೆ ತನ್ನ ತಲೆಗಿಂತ ಎತ್ತರಕ್ಕೆ ರೇಷ್ಮೆ ಗೂಡಿನ ಚೀಲಗಳನ್ನು ಕಟ್ಟಿಕೊಂಡಿದ್ದ. ಮಾರ್ಕೆಟ್ಟಿಗೆ ಹೊರಟವನು. ಹಗ್ಗವನ್ನು ಹಲ್ಲಿನಲ್ಲಿ ಕಚ್ಚಿ ಎಳೆದು ಇನ್ನೊಂದು ಸುತ್ತು ಬಿಗಿಯುತ್ತಿದ್ದ. ನನ್ನ ಸೈಡ್ ಬಾಕ್ಸು, ಅದರ ಬೀಗ, ಅದರ ಬೋಲ್ಟು ಎಲ್ಲ ನೋಡಿ, "ಅದ್ರೊಳಗೇನೈತಪ್ಪ?" ಅಂದ. ಅಕ್ಕಿ ಅಂದೆ. "ಇಪ್ಪತ್ತು ಕೆಜಿ ಅಕ್ಕಿಗೆ ಇಷ್ಟು ದೊಡ್ಡ ಗಾಡಿಯಾ?" ಅಂತ ನಕ್ಕ. ಟಿವಿಎಸ್ 50 ಮೊದಲು ತಯಾರಾಗಿದ್ದು 1980ರಲ್ಲಿ, ನಮ್ಮ ಹೊಸೂರಿನಲ್ಲೇ. ಹೇಳೋಣ ಅಂತ ಬಾಯಿ ತೆರೆಯುವಷ್ಟರಲ್ಲಿ ಅಜ್ಜ ಹೊರಟೇಹೋದ.

108 ಕಿ.ಮೀ. ಟೀ ಸೇರಿ ಎರಡು ಗಂಟೆ ಐವತ್ತು ನಿಮಿಷ. ಎಡಗೈಯಲ್ಲಿ ಕಾಫಿ ಲೋಟ, ಬಲಗೈಯಲ್ಲಿ ಫೋನು ಹಿಡಿದು ಭಾವನಿಗೆ ಕರೆ ಮಾಡಿದೆ.

ಇದರಲ್ಲೂ ಹುಳುಕಿದೆ. ಹಂಪುಗಳಿಗೆ ಬಿಳಿ ಪಟ್ಟೆ ಇರಲಿ ಬಿಡಲಿ, ಕತ್ತಲಲ್ಲಿ ಗೊತ್ತಾಗೋದೇ ಇಲ್ಲ. ಹಿಂದೆ ಲೈಟ್ ಇಲ್ಲದ ಟ್ರ್ಯಾಕ್ಟರುಗಳು ಬೇರೆ. ಮಳೆ ಬಂದರೆ ಇಟ್ಟಿಗೆ ಗೂಡುಗಳ ಹತ್ತಿರ ಕೆಮ್ಮಣ್ಣು ರಸ್ತೆಗೆ ಇಳಿದು ಸೋಪಿನ ಹಾಗೆ ಜಾರುತ್ತೆ. ಮಳೆಗಾಲಕ್ಕೆ ನಾನಾದರೂ ಭಾವನ ನೈಸ್ ದಾರಿಯನ್ನೇ ಹಿಡಿಯುತ್ತೇನೆ. ಆದರೆ ನಾವು ಹೊರಟಿದ್ದು ಜನವರಿಯಲ್ಲಿ. ಮಾಲೂರೇ ಸರಿ ಅಂತಾಯಿತು.

ಹೊರಟ ದಿನ ಏಳೂವರೆಗೆ ಚಿಕ್ಕಬಳ್ಳಾಪುರದಲ್ಲಿ ಇಡ್ಲಿ. ಬಾಗೇಪಲ್ಲಿ ದಾಟಿ ಆಂಧ್ರ. ಪೆನುಕೊಂಡದ ಬೆಟ್ಟ ಬಂದಾಗ ಇನ್ನೂ ಬಿಸಿಲು ಏರಿರಲಿಲ್ಲ. ಕರ್ನೂಲಿನಲ್ಲಿ ತುಂಗಭದ್ರೆ ದಾಟಿ ಸಂಜೆಗೆ ಹೈದರಾಬಾದ್. ಅಲ್ಲಿ ಮತ್ತೆ ಅದೇ ಪ್ರಶ್ನೆ. 158 ಕಿ.ಮೀ. ಔಟರ್ ರಿಂಗ್ ರಸ್ತೆ ಊರಿನ ಸುತ್ತ ಇದೆ, ಕಣ್ಣಿಗೆ ಕಾಣುತ್ತೆ, ಆದರೆ ಬೈಕಿಗೆ ಪ್ರವೇಶ ಇಲ್ಲ. ಶಂಷಾಬಾದ್‌ನಿಂದ ಅದರ ಪಕ್ಕದ ಸರ್ವಿಸ್ ರಸ್ತೆ ಹಿಡಿದು ಪಟಾನ್‌ಚೆರು ಕಡೆಯಿಂದ ಮೇಡ್ಚಲ್‌ಗೆ ಹೋದ್ವಿ. ಅಲ್ಲಲ್ಲಿ ಕಡಿದು ಹೋಗುವ ರಸ್ತೆ, ದಾರಿ ಕೇಳಿಕೊಂಡು ಎರಡು ಗಂಟೆ. ಬರುವಾಗ ಬೆಳಿಗ್ಗೆ ಆರಕ್ಕೆ ನೆಟ್ಟಗೆ ಊರೊಳಗೇ ಬಂದ್ವಿ, ಒಂದೂಕಾಲು ಗಂಟೆ. ಹೈದರಾಬಾದಿನ ಮಟ್ಟಿಗೆ ಬೆಳಗಿನ ಊರೇ ಮೇಲು.

ಸುನೌಲಿ ಬಗ್ಗೆ ಕೇಳುವವರಿಗೆ ಬೇಗ ಹೇಳಿಬಿಡುತ್ತೇನೆ. ನಮಗೆ ವೀಸಾ ಬೇಡ, ಪಾಸ್‌ಪೋರ್ಟ್ ಅಥವಾ ವೋಟರ್ ಐಡಿ ಇರಲಿ. ಗಾಡಿಗೆ ಭನ್ಸಾರ್ ಅಂತ ಸುಂಕದ ಚೀಟಿ ಮಾಡಿಸಬೇಕು, ದಿನಕ್ಕಿಷ್ಟು ಅಂತ ಲೆಕ್ಕ. ಹಾಗಾಗಿ ಎಷ್ಟು ದಿನ ಇರ್ತೀರಿ ಅಂತ ಮೊದಲೇ ಯೋಚಿಸಿಕೊಂಡು ಹೋಗಿ. ಆರ್‌ಸಿ ಅಸಲು ಕೈಯಲ್ಲಿರಲಿ. ನಮ್ಮ ಒಂದು ರೂಪಾಯಿಗೆ ಅಲ್ಲಿ 1.60. ಗಡಿಯಾರ ಹದಿನೈದು ನಿಮಿಷ ಮುಂದೆ.

ವಾಪಸು ಬರುವಾಗ ಒಂದು ತಮಾಷೆ ಆಯಿತು. ಚಿಕ್ಕಬಳ್ಳಾಪುರ ಮುಟ್ಟಿದಾಗ ರಾತ್ರಿ ಹತ್ತೂವರೆ. ನೈಸ್ ರಸ್ತೆಗೆ ಬೈಕು ಬಿಡಲ್ಲ. ಮಾಲೂರಿನ ಹಂಪುಗಳಿಗೆ ಕತ್ತಲಲ್ಲಿ ಬೆನ್ನು ಕೊಡೋಕೆ ನಾನು ತಯಾರಿಲ್ಲ. ಬೇರೆ ದಾರಿ ಇಲ್ಲದೆ ಬೈದುಕೊಂಡು ಊರೊಳಗೇ ಇಳಿದ್ವಿ. ಹೆಬ್ಬಾಳ, ಮೇಖ್ರಿ ಸರ್ಕಲ್, ಹೊಸೂರು ರಸ್ತೆ. ಒಳಗೆ ಬರುವ ಲಾರಿಗಳು ಇದ್ದವು, ಆದರೆ ರಸ್ತೆ ಹರಿಯುತ್ತಿತ್ತು. ಸಿಲ್ಕ್ ಬೋರ್ಡಿನಲ್ಲಿ ಒಂದೇ ಒಂದು ಸಿಗ್ನಲ್. ಹೊಸೂರಿನ ಅಂಚಿನ ಜೂಜುವಾಡಿ ದಾಟಿದಾಗ ಮೀಟರಿನಲ್ಲಿ ಸುಮಾರು 90 ಕಿ.ಮೀ., ಗಡಿಯಾರದಲ್ಲಿ ಒಂದು ಗಂಟೆ ಐವತ್ತು ನಿಮಿಷ. ನಾಲ್ಕು ಪರೀಕ್ಷೆಗಳ ಯಾವ ಲೆಕ್ಕವೂ ಇದರ ಹತ್ತಿರ ಬರಲಿಲ್ಲ. ಭಾವ ಹೆಲ್ಮೆಟ್ ತೆಗೆದು, "ಒಂದೂವರೆ ತಿಂಗಳು ಅಕ್ಕಿ ಹೊತ್ತಿದ್ದು ಯಾಕೋ?" ಅಂದರು. ಹೋಗುವಾಗ ರಾತ್ರಿ ಹನ್ನೊಂದಕ್ಕೆ ಹೊರಟು ಬೆಳಗಾಗೋವರೆಗೆ ನಿದ್ದೆಗೆಟ್ಟು ಓಡಿಸೋಕೆ ಆಗುತ್ತಾ ಅಂತ ಕೇಳಿದೆ. ಅವರು ಉತ್ತರ ಹೇಳಲಿಲ್ಲ.

ಈಗ ಭೂತಾನ್ ಮಾತು ಶುರುವಾಗಿದೆ. ಜೈಗಾಂವ್ ಗಡಿವರೆಗೆ ದಾರಿ ಗೀಚುತ್ತಾ ಕೂತಿದ್ದಾಗ ಗೊತ್ತಾಯಿತು, ಅದಕ್ಕೆ ಗಾಡಿಯ ಮೂತಿಯನ್ನೇ ಆ ಕಡೆ ತಿರುಗಿಸಬೇಕು. ಕೃಷ್ಣಗಿರಿ, ಚಿತ್ತೂರು, ತಿರುಪತಿ, ನಾಯ್ಡುಪೇಟೆ, ಅಲ್ಲಿಂದ 16ನೇ ಹೈವೇ. ಬೆಂಗಳೂರು ಇಲ್ಲವೇ ಇಲ್ಲ. ಚೆನ್ನೈಯೂ ಇಲ್ಲ. ಭಾವ ಮ್ಯಾಪಿನ ಮೇಲೆ ಬೆರಳು ಜಾರಿಸುತ್ತಾ ಮೇಲೆ ಮೇಲೆ ಹೋಗಿ ಕೋಲ್ಕತ್ತದ ಹತ್ತಿರ ನಿಲ್ಲಿಸಿದರು. "ಅಕ್ಕಿ ಚೀಲ ಇನ್ನೂ ಇದೆಯಾ?" ಅಂದರು.