ಹಿಂದಿನ ಬ್ರೇಕ್ ಪ್ಯಾಡ್ ನಾನೇ ಹಾಕ್ತೀನಿ ಅಂತ ಹೊರಟೋರು ಒಂದ್ನಿಮಿಷ ನಿಲ್ಲಿ

ಆಯುಧ ಪೂಜೆ ದಿನ ಅರಸೀಕೆರೆ ಹತ್ರ ಮಾವನ ಮನೆ ಅಂಗಳದಲ್ಲಿ ಟ್ರಾಕ್ಟರು, ಬೈಕು, ಪಂಪ್‌ಸೆಟ್ ಸ್ಟಾರ್ಟರ್ ಡಬ್ಬ, ಕುಡುಗೋಲು ಎಲ್ಲದಕ್ಕೂ ಅರಿಶಿನ ಕುಂಕುಮ ಹಚ್ಚಿ ಆಯ್ತು, ಕೊನೆಗೆ ನಮ್ಮ ಕಾರಿನ ಸರದಿ ಬಂತು. ಕಾರು ಮೂರು ಚಕ್ರದ ಮೇಲೆ ನಿಂತಿತ್ತು. ನಾಲ್ಕನೇದು ಪಕ್ಕದಲ್ಲಿ ತೆಂಗಿನ ಮರಕ್ಕೆ ಒರಗಿಕೊಂಡಿತ್ತು. ಅತ್ತೆ ಏನೂ ಮಾತಾಡ್ದೆ ಬಾನೆಟ್ ಮೇಲೆ ಸೇವಂತಿಗೆ ಹಾರ ಹಾಕಿದ್ರು, ಆಮೇಲೆ ಒರಗಿಸಿದ್ದ ಚಕ್ರಕ್ಕೂ ಒಂದು ಬೊಟ್ಟು ಇಟ್ಟರು. ಚಕ್ರದ ಕೆಳಗೆ ಇಡೋಕೆ ಅಂತ ತಂದಿದ್ದ ನಾಲ್ಕು ನಿಂಬೆಹಣ್ಣು ಮಧ್ಯಾಹ್ನ ಚಿತ್ರಾನ್ನಕ್ಕೆ ಹೋಯ್ತು, ಯಾಕಂದ್ರೆ ಕಾರು ಒಂದಿಂಚು ಮುಂದಕ್ಕೆ ಹೋಗೋ ಸ್ಥಿತಿಲಿ ಇರ್ಲಿಲ್ಲ.

ಇದಕ್ಕೆಲ್ಲ ಕಾರಣ ನಾನು. ಯಾಕೆ ಬರೀತಿದ್ದೀನಿ ಅಂದ್ರೆ ನನ್ನ ಥರ ಸ್ವಲ್ಪ ಸ್ಪ್ಯಾನರ್ ಹಿಡಿದು ಗೊತ್ತಿರೋರೇ ಇದಕ್ಕೆ ಬೀಳೋದು, ಏನೂ ಗೊತ್ತಿಲ್ಲದೋರು ಸುಮ್ನೆ ಸರ್ವಿಸ್‌ಗೆ ಬಿಟ್ಟು ಬಿಲ್ ಕಟ್ಟಿ ಆರಾಮಾಗಿ ಇರ್ತಾರೆ.

ನಮ್ಮಪ್ಪನ ಹತ್ರ 96ರ ಮಾರುತಿ 800 ಇತ್ತು, ಕಾರ್ಬುರೇಟರ್ ಗಾಡಿ. ಹ್ಯಾಕ್ಸಾ ಬ್ಲೇಡ್ ತುಂಡು ತೂರಿಸಿ ಪ್ಲಗ್ ಗ್ಯಾಪ್ ನೋಡೋದು, ಕ್ಲಚ್ ಕೇಬಲ್ ಹಾಕೋದು, ಆಯಿಲ್ ಬದಲಾಯಿಸೋದು ಎಲ್ಲ ನಾನು ಪಿಯುಸಿ ಓದೋವಾಗ್ಲೇ ಅಪ್ಪನ ಪಕ್ಕ ಕೂತು ಕಲ್ತಿದ್ದು. ಆ ಧೈರ್ಯ ಇತ್ತಲ್ಲ, ಅದೇ ಮುಳುಗಿಸಿದ್ದು.

ಈಗಿರೋದು ಬಿಎಸ್6 (ಹೊಗೆ ನಿಯಮದ ದರ್ಜೆ) ಡೀಸೆಲ್ ಎಸ್‌ಯುವಿ, ಮೇಲಿನ ವೇರಿಯಂಟು. ಕಂಪನಿ ಹೆಸ್ರು ಬೇಡ, ಈ ಕಥೆ ತುಂಬಾ ಕಂಪನಿ ಗಾಡಿಗೂ ಹೆಚ್ಚುಕಮ್ಮಿ ಒಂದೇ. ಹ್ಯಾಂಡ್‌ಬ್ರೇಕ್ ಎಳೆಯೋ ಲಿವರ್ ಇಲ್ಲ, ಗೇರ್ ಪಕ್ಕ ಪಿ ಅಂತ ಬರೆದಿರೋ ಒಂದು ಸ್ವಿಚ್ಚು, ಎತ್ತಿದ್ರೆ ಹಿಂದೆ ಝುಂಯ್ ಅಂತ ಸದ್ದು ಬಂದು ಬ್ರೇಕ್ ಹಿಡ್ಕೊಳ್ಳುತ್ತೆ. ಎಲೆಕ್ಟ್ರಾನಿಕ್ ಪಾರ್ಕಿಂಗ್ ಬ್ರೇಕ್, ಇಪಿಬಿ ಅಂತಾರೆ. ತಗೊಳ್ಳೋವಾಗ ಷೋರೂಮ್ ಹುಡುಗ ಅದನ್ನ ಹತ್ತು ಸಲ ಎತ್ತಿ ಇಳಿಸಿ ತೋರಿಸಿದ್ದ, ಪ್ಯಾಡ್ ಹಾಕೋವಾಗ ಏನಾಗುತ್ತೆ ಅಂತ ಅವನೂ ಹೇಳ್ಲಿಲ್ಲ ನಾನೂ ಕೇಳ್ಲಿಲ್ಲ.

ನಲವತ್ತು ಸಾವಿರ ಕಿಲೋಮೀಟರ್ ಹತ್ರ ಹಿಂದಿನಿಂದ ಕಿರ್ ಅಂತ ಸದ್ದು ಶುರುವಾಯ್ತು. ಮೊದಲೆಲ್ಲ ಮುಂದಿನ ಪ್ಯಾಡೇ ಮೊದಲು ಸವೀತಿತ್ತು, ಈಗಿನ ಗಾಡಿಲಿ ಬ್ರೇಕ್ ಹಂಚೋದು, ಸ್ಟೆಬಿಲಿಟಿ ಕಂಟ್ರೋಲು ಎಲ್ಲ ಕಂಪ್ಯೂಟರ್ ನೋಡ್ಕೊಳ್ಳೋದ್ರಿಂದ ಹಿಂದಿನ ಬ್ರೇಕಿಗೂ ಕೆಲಸ ಜಾಸ್ತಿ, ಎಷ್ಟೋ ಗಾಡಿಲಿ ಹಿಂದಿನದೇ ಮೊದಲು ಮುಗಿಯುತ್ತೆ. ಸರ್ವಿಸ್ ಸೆಂಟರಲ್ಲಿ ಎಸ್ಟಿಮೇಟ್ ಕೇಳಿದ್ರೆ 7,800 ಅಂದ್ರು, ಅದ್ರಲ್ಲಿ ಬ್ರೇಕ್ ಕ್ಲೀನಿಂಗು, ಅಲೈನ್‌ಮೆಂಟು, ಎಸಿ ಡಿಸ್‌ಇನ್ಫೆಕ್ಷನ್ನು ಅಂತ ಬೇಡದ್ದೆಲ್ಲ ಸೇರಿಸಿದ್ರು. (ಬ್ರೇಕ್ ಪ್ಯಾಡಿಗೂ ಎಸಿ ವಾಸನೆಗೂ ಏನು ಸಂಬಂಧ ಅಂತ ಕೇಳ್ದೆ, ಪ್ಯಾಕೇಜ್ ಸರ್ ಅಂದ.) ಬೆಂಗ್ಳೂರಿನ ಜೆಸಿ ರೋಡಲ್ಲಿ ಅದೇ ಪ್ಯಾಡ್ ಸೆಟ್ 3,200ಕ್ಕೆ ಸಿಕ್ತು. ನಾಲ್ಕು ಬೋಲ್ಟ್ ಕೆಲಸಕ್ಕೆ ನಾಲ್ಕು ಸಾವಿರದ ಮೇಲೆ ಯಾಕೆ ಕೊಡ್ಲಿ ಅನ್ನಿಸ್ತು. ನಮ್ಮ ಅಪಾರ್ಟ್‌ಮೆಂಟ್ ಬೇಸ್‌ಮೆಂಟಲ್ಲಿ ಗಾಡಿ ಬಿಚ್ಚೋಕೆ ಅಸೋಸಿಯೇಷನ್‌ನೋರು ಬಿಡಲ್ಲ, ಹಾಗಾಗಿ ಹಬ್ಬಕ್ಕೆ ಊರಿಗೆ ಹೋದಾಗ ಮಾಡೋಣ ಅಂತ ಟೂಲ್ಸ್ ಎಲ್ಲ ಡಿಕ್ಕಿಗೆ ತುಂಬ್ಕೊಂಡು ಹೊರಟೆ.

ವಿಡಿಯೋ ನಾಲ್ಕೈದು ಸಲ ನೋಡಿದ್ದೆ. ನಮ್ಮದೇ ಮಾಡೆಲ್ಲು, ನಮ್ಮದೇ ಬಣ್ಣ ಕೂಡ. ಕ್ಯಾಲಿಪರ್ (ಪ್ಯಾಡನ್ನ ಡಿಸ್ಕಿಗೆ ಒತ್ತಿ ಹಿಡಿಯೋ ಭಾಗ) ಪಿಸ್ಟನ್ನನ್ನ ತಿರುಗಿಸ್ತಾ ಒಳಗೆ ತಳ್ಳಬೇಕು, ಅದಕ್ಕೊಂದು ವೈಂಡ್‌ಬ್ಯಾಕ್ ಕಿಟ್ ಬೇಕು ಅಂತ ವಿಡಿಯೋ ಮಾಡಿದೋನು ಹೇಳಿದ್ದ, ಆನ್‌ಲೈನಲ್ಲಿ 1,100 ಕೊಟ್ಟು ಅದನ್ನೂ ತರಿಸಿದ್ದೆ. ನಾನು ನೋಡದೇ ಬಿಟ್ಟಿದ್ದು ಒಂದೇ, ಅವನ ಗಾಡಿ ಕೆಳಗಿನ ವೇರಿಯಂಟು, ಅದರಲ್ಲಿ ಕೈಯಲ್ಲಿ ಎಳೆಯೋ ಲಿವರ್ ಹ್ಯಾಂಡ್‌ಬ್ರೇಕು. ಹೊರಗಿನಿಂದ ನೋಡಿದ್ರೆ ಎರಡೂ ಅಣ್ಣತಮ್ಮ, ಹಿಂದಿನ ಕ್ಯಾಲಿಪರ್ ಒಳಗಿರೋದೇ ಬೇರೆ.

ಈಗ ಬಿಡಿಸಿ ಹೇಳ್ತೀನಿ ಕೇಳಿ. ಹೆಚ್ಚಿನ ಇಪಿಬಿ ಗಾಡಿಲಿ ಕ್ಯಾಲಿಪರ್ ಬೆನ್ನ ಮೇಲೆ ಮುಷ್ಟಿ ಗಾತ್ರದ ಒಂದು ಮೋಟಾರ್ ಇರುತ್ತೆ, ಅದು ಸಣ್ಣ ಗೇರುಗಳ ಮೂಲಕ ಒಂದು ಸ್ಕ್ರೂ ತಿರುಗಿಸುತ್ತೆ, ಸ್ಕ್ರೂ ಮೇಲಿರೋ ನಟ್ ಮುಂದಕ್ಕೆ ಬಂದು ಪಿಸ್ಟನ್ನನ್ನ ಒಳಗಿನಿಂದ ತಳ್ಳಿ ಪ್ಯಾಡನ್ನ ಡಿಸ್ಕಿಗೆ ಒತ್ತುತ್ತೆ. ಸ್ವಿಚ್ ಇಳಿಸಿ ಬ್ರೇಕ್ ಬಿಟ್ಟಾಗ ನಟ್ ಪೂರ್ತಿ ಹಿಂದೆ ಹೋಗಲ್ಲ, ಕೂದಲೆಳೆಯಷ್ಟು ಸಡಿಲ ಬಿಟ್ಟು ಅಲ್ಲೇ ಕಾಯ್ತಾ ಇರುತ್ತೆ. ಪ್ಯಾಡ್ ಸವೆದಷ್ಟೂ ನಟ್ ಮುಂದೆ ಬಂದು ಕೂತಿರುತ್ತೆ. ದಪ್ಪ ಇರೋ ಹೊಸ ಪ್ಯಾಡ್ ಕೂರಬೇಕಂದ್ರೆ ಆ ನಟ್ ಪೂರ್ತಿ ಹಿಂದೆ ಹೋಗ್ಬೇಕು, ಅದನ್ನ ಹಿಂದೆ ಕಳಿಸೋದು ಸ್ಪ್ಯಾನರ್ ಅಲ್ಲ, ಗಾಡಿಯ ಕಂಪ್ಯೂಟರಿಗೆ ಸ್ಕ್ಯಾನರಿಂದ ಸರ್ವಿಸ್ ಮೋಡಿಗೆ ಹೋಗು ಅಂತ ಹೇಳ್ಬೇಕು. ನಾನು ಇದು ಯಾವುದೂ ಗೊತ್ತಿಲ್ದೆ ಕ್ಯಾಲಿಪರ್ ಬಿಚ್ಚಿ, ತಂತಿ ಕಟ್ಟಿ ನೇತುಹಾಕಿ, ವೈಂಡ್‌ಬ್ಯಾಕ್ ಹಾಕಿ ತಿರುಗಿಸಿದೆ. ಪಿಸ್ಟನ್ ಗಿರಗಿರ ತಿರುಗ್ತಿದೆ, ಒಳಗೆ ಮಾತ್ರ ಹೋಗ್ತಿಲ್ಲ. ತುಕ್ಕು ಹಿಡಿದಿರ್ಬೇಕು ಅಂದ್ಕೊಂಡೆ. ಮಾವನ ಷೆಡ್ಡಲ್ಲಿ ಮರಗೆಲಸದ ದೊಡ್ಡ ಸಿ ಕ್ಲಾಂಪ್ ಇತ್ತು, ಅದನ್ನ ತಂದು ಹಾಕಿ ಬಿಗಿ ಮಾಡ್ದೆ. ಒಂದೆರಡು ಮಿಲಿಮೀಟರ್ ಹೋಯ್ತು, ನಿಂತ್ಕೊಳ್ತು. ಇನ್ನೊಂದು ಸುತ್ತು ಬಿಗಿ ಮಾಡ್ದೆ, ಒಳಗಡೆ ಕಟಕ್ ಅಂತು. ಹಾ, ಈಗ ಬಿಟ್ಕೊಳ್ತು ಅಂತ ಖುಷಿಪಟ್ಟೆ ನೋಡಿ, ಆ ಖುಷಿಗೆ ಕೊನೆಗೆ ಬಿದ್ದ ಬೆಲೆ ಮುಂದೆ ಹೇಳ್ತೀನಿ.

ಇದಕ್ಕಿಂತ ಭಯ ಆಗಿದ್ದು ಆಮೇಲೆ. ಇಪಿಬಿ ಬಿಡಿಸೋಕೆ ಇಗ್ನಿಷನ್ ಆನ್ ಇರ್ಬೇಕು, ಬ್ರೇಕ್ ಪೆಡಲ್ ಒತ್ತಿರ್ಬೇಕು, ಅದಕ್ಕೆ ಭಾಮೈದನ್ನ ಡ್ರೈವರ್ ಸೀಟಲ್ಲಿ ಕೂರಿಸಿದ್ದೆ. ಮುಂದಿನ ಚಕ್ರಕ್ಕೆ ಎರಡೂ ಕಡೆ ಕಲ್ಲು ಕೊಟ್ಟಿದ್ದೆ, ಜಾಕ್ ಸ್ಟ್ಯಾಂಡೂ ಇಟ್ಟಿದ್ದೆ, ಅಷ್ಟರ ಮಟ್ಟಿಗೆ ಬುದ್ಧಿ ಇತ್ತು. ಅವನು ಬ್ರೇಕ್ ಬಿಡಿಸಿ ಅಲ್ಲೇ ಹಾಡು ಹಾಕ್ಕೊಂಡು ಕೂತಿದ್ದ. ನಾನು ಕ್ಲಾಂಪ್ ತೆಗೆದು, ಪಿಸ್ಟನ್ ಅಂಚಿನ ಧೂಳು ಬಟ್ಟೇಲಿ ಒರೆಸಿ, ಕೈ ತೆಗೆದು ಹೊಸ ಪ್ಯಾಡ್ ಡಬ್ಬಿ ಬಿಚ್ತಾ ಇದ್ದೆ. ಒಳಗಿಂದ ಅತ್ತೆ ಕಾಫಿ ಅಂತ ಕೂಗಿದ್ರು. ಇವನು ಬಂದೆ ಅಂತ ಬಟನ್ ಒತ್ತಿ ಗಾಡಿ ಆಫ್ ಮಾಡಿ ಇಳಿದ. ಝುಂಯ್ ಅಂತು. ನಮ್ಮ ಗಾಡಿಲಿ ಆಫ್ ಮಾಡಿದ್ರೆ ಪಾರ್ಕಿಂಗ್ ಬ್ರೇಕ್ ತಾನೇ ಹಾಕ್ಕೊಳ್ಳುತ್ತೆ, ದಿನಾ ಅದನ್ನ ನೋಡ್ತಿದ್ದೆ, ಆ ಹೊತ್ತಲ್ಲಿ ನೆನಪೇ ಆಗ್ಲಿಲ್ಲ. ತಡೆಯೋಕೆ ಪ್ಯಾಡೂ ಇಲ್ಲ ಡಿಸ್ಕೂ ಇಲ್ಲ, ನೇತಾಡ್ತಿದ್ದ ಕ್ಯಾಲಿಪರಿಂದ ಪಿಸ್ಟನ್ ಹಾವು ಹುತ್ತದಿಂದ ತಲೆ ಹಾಕಿದ ಹಾಗೆ ಮುಂದೆ ಬಂತು, ಗರಗರ ಅಂತ ಗೇರ್ ತಿಂದ ಸದ್ದು ಬಂತು, ರಬ್ಬರ್ ಬೂಟ್ ಹರಿದು ಪಿಸ್ಟನ್ ಓರೆಯಾಗಿ ನಿಂತು ಬ್ರೇಕ್ ಆಯಿಲ್ ತೊಟ್ಟಿಕ್ಕೋಕೆ ಶುರುವಾಯ್ತು. ಅರ್ಧ ನಿಮಿಷದ ಹಿಂದೆ ನನ್ನ ಬೆರಳು ಅಲ್ಲೇ ಇತ್ತು. ಟನ್ನುಗಟ್ಟಲೆ ಗಾಡಿನ ಇಳಿಜಾರಲ್ಲಿ ಹಿಡಿದು ನಿಲ್ಲಿಸೋ ಶಕ್ತಿ ಅದು, ಬೆರಳಿಗೂ ಪ್ಯಾಡಿಗೂ ಅದಕ್ಕೇನು ವ್ಯತ್ಯಾಸ ಗೊತ್ತು.

ಭಾಮೈದನ್ನ ಬೈಯೋಕೂ ಆಗಲ್ಲ, ಆಫ್ ಮಾಡ್ಬೇಡ ಅಂತ ನಾನು ಹೇಳೇ ಇರ್ಲಿಲ್ಲ.

ಮತ್ತೆ ಆನ್ ಮಾಡಿದ್ರೆ ಮೀಟರಲ್ಲಿ ಹಬ್ಬದ ಸೀರಿಯಲ್ ಸೆಟ್ಟು, ಪಾರ್ಕಿಂಗ್ ಬ್ರೇಕ್ ಲೈಟು, ಇಎಸ್‌ಸಿ (ಸ್ಟೆಬಿಲಿಟಿ ಕಂಟ್ರೋಲ್) ಲೈಟು, ಹಿಲ್ ಹೋಲ್ಡ್ ಲೈಟು ಎಲ್ಲ. ಸ್ವಿಚ್ ಇಳಿಸಿದ್ರೆ ಕೇಳ್ತಾ ಇಲ್ಲ, ಎಡಗಡೆ ಚೆನ್ನಾಗಿದ್ದ ಚಕ್ರನೂ ಲಾಕು. ನನ್ನ ಹತ್ರ 700 ರೂಪಾಯಿದು ಬ್ಲೂಟೂತ್ ಓಬಿಡಿ ಡಾಂಗಲ್ (ಗಾಡಿ ಕಂಪ್ಯೂಟರಿನ ಫಾಲ್ಟ್ ಕೋಡ್ ಓದೋ ಪುಟ್ಟ ಸಾಧನ) ಇತ್ತು, ಸ್ಟೇರಿಂಗ್ ಕೆಳಗೆ ಚುಚ್ಚಿ ಮೊಬೈಲಲ್ಲಿ ನೋಡಿದ್ರೆ ಯಾವ ಫಾಲ್ಟೂ ಇಲ್ಲ ಅಂತ ತೋರಿಸ್ತು! ಇದನ್ನ ತುಂಬಾ ಜನ ತಪ್ಪು ತಿಳ್ಕೊಂಡಿದ್ದಾರೆ. ಓಬಿಡಿ ಕಾನೂನು ಬಂದಿದ್ದೇ ಹೊಗೆ ವಿಷಯಕ್ಕೆ, ಹಾಗಾಗಿ ಎಂಜಿನ್ನಿಗೆ ಸಂಬಂಧಪಟ್ಟ ಕೋಡುಗಳನ್ನ ಮಾತ್ರ ಯಾವ ಅಗ್ಗದ ಡಾಂಗಲ್ ಬೇಕಾದ್ರೂ ಓದುತ್ತೆ. ಬ್ರೇಕು, ಏರ್‌ಬ್ಯಾಗು, ಸ್ಟೇರಿಂಗು ಇವಕ್ಕೆಲ್ಲ ಬೇರೆ ಬೇರೆ ಕಂಪ್ಯೂಟರ್, ಅವುಗಳ ಜೊತೆ ಮಾತಾಡೋಕೆ ಆಯಾ ಕಂಪನಿ ಭಾಷೆ ಬರೋ ಸ್ಕ್ಯಾನರೇ ಬೇಕು. ಡಾಂಗಲ್ ಇದೆ ನಾನು ನೋಡ್ಕೊಳ್ತೀನಿ ಅಂತ ಹೊರಡಬೇಡಿ.

ಮಾವ ಊರಿನ ಹಳೇ ಮೆಕ್ಯಾನಿಕ್ ಒಬ್ಬರನ್ನ ಕರೆಸಿದ್ರು. ಅಂಬಾಸಿಡರ್ ಕಾಲದಿಂದ ಕೆಲಸ ಮಾಡ್ತಿರೋರು, ಎಂಜಿನ್ ಸದ್ದಲ್ಲೇ ಯಾವ ವಾಲ್ವ್ ಕೆಟ್ಟಿದೆ ಅಂತ ಹೇಳೋ ಜನ. ಕುಕ್ಕರುಗಾಲಲ್ಲಿ ಕೂತು ಟಾರ್ಚ್ ಬಿಟ್ಟು ನೋಡಿ, ಮೋಟಾರಿಗೆ ಹೋಗಿರೋ ವೈರನ್ನ ಬೆರಳಲ್ಲಿ ಮುಟ್ಟಿ, ಎದ್ದು ಕೈ ಒರೆಸ್ಕೊಂಡು "ನನ್ನ ಹತ್ರ ಸ್ಪ್ಯಾನರ್ ಐತೆ ಸಾರ್, ಸ್ಕ್ಯಾನರ್ ಇಲ್ಲ" ಅಂದ್ರು. ಹಬ್ಬ ಅಂತ ಕಾಸೂ ತಗೊಳ್ಳಲಿಲ್ಲ.

ಹಬ್ಬದ ಎರಡು ದಿನ ಸರ್ವಿಸ್ ಸೆಂಟರ್ ರಜ. ಮೂರನೇ ದಿನ ಫ್ಲಾಟ್‌ಬೆಡ್ ಬಂತು, ಲಾಕ್ ಆಗಿದ್ದ ಚಕ್ರದ ಕೆಳಗೆ ಸಣ್ಣ ಟ್ರಾಲಿ ತೂರಿಸಿ ಗಾಡಿ ಎಳೆದು ಹಾಕೋಕೆ ಒಂದೂವರೆ ಗಂಟೆ. ಬಿಲ್ಲು ಹೇಳ್ತೀನಿ: ಮೋಟಾರ್ ಸಮೇತ ಬಲಗಡೆ ಕ್ಯಾಲಿಪರ್ 21,400, ಅವರದೇ ಪ್ಯಾಡ್ 4,100 (ನಾನು ತಂದ ಪ್ಯಾಡ್ ಹಾಕಲ್ಲ ಅಂದ್ರು), ಬ್ರೇಕ್ ಆಯಿಲ್ ಮತ್ತೆ ಗಾಳಿ ತೆಗೆಯೋದು 2,900, ಲೇಬರ್ 3,600, ಗಾಡಿ ಎಳೆದುಕೊಂಡು ಹೋಗಿದ್ದು 6,500. ಒಟ್ಟು 38,500. ನಾಲ್ಕು ಸಾವಿರ ಉಳಿಸೋಕೆ ಹೋಗಿದ್ದು. ಎಕ್ಸ್‌ಟೆಂಡೆಡ್ ವಾರಂಟಿ ಕೇಳಿದ್ರೆ ಹೊರಗಡೆ ಬಿಚ್ಚಿದ ಗುರುತು ಇದೆ ಅಂತ ಜಾಬ್ ಕಾರ್ಡಲ್ಲಿ ಬರೆದು ಕೈ ಎತ್ತಿದ್ರು, ಅದರಲ್ಲಿ ಅವರ ತಪ್ಪಿಲ್ಲ, ಕ್ಲಾಂಪಿನ ಹಲ್ಲಿನ ಗುರುತು ಪಿಸ್ಟನ್ ಮೇಲೆ ನೀಟಾಗಿ ಕೂತಿತ್ತು.

ನನಗೆ ಸಿಟ್ಟಿರೋದು ಬೇರೆ ವಿಷಯಕ್ಕೆ. ಅಲ್ಲಿ ಹುಡುಗ ಟ್ಯಾಬ್ ಹಿಡ್ಕೊಂಡು ಸರ್ವಿಸ್ ಮೋಡಿಗೆ ಹಾಕಿದ್ದನ್ನ ಗಾಜಿನ ಆಚೆಯಿಂದ ನೋಡ್ದೆ, ಎರಡು ನಿಮಿಷ ಹಿಡೀಲಿಲ್ಲ. ಕೆಲವು ಕಾರಲ್ಲಿ ಪೆಡಲ್ ಒತ್ತಿ ಸ್ವಿಚ್ ಹಿಡ್ಕೊಂಡ್ರೆ ಇದೇ ಮೋಡಿಗೆ ಹೋಗೋ ಹಾಗೆ ಕೊಟ್ಟಿದ್ದಾರೆ, ಕೊಡಬಾರದು ಅಂತೇನಿಲ್ಲ. ನಮ್ಮ ಓನರ್ ಮ್ಯಾನುಯಲ್ಲಲ್ಲಿ ಅಧಿಕೃತ ಕೇಂದ್ರವನ್ನು ಸಂಪರ್ಕಿಸಿ ಅನ್ನೋದು ಬಿಟ್ಟು ಒಂದು ಸಾಲಿಲ್ಲ. 2014ರ ಆಗಸ್ಟಲ್ಲೇ ಸ್ಪರ್ಧಾ ಆಯೋಗ, ಅದೇ ಸಿಸಿಐ, 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ದಂಡ ಹಾಕಿತ್ತು, ಬಿಡಿಭಾಗ, ಡಯಾಗ್ನೋಸ್ಟಿಕ್ ಟೂಲ್ ಹೊರಗಿನ ಗ್ಯಾರೇಜಿಗೆ ಸಿಗದ ಹಾಗೆ ಮಾಡಿದ್ದೀರಿ ಅಂತ. 2022ರ ಡಿಸೆಂಬರಲ್ಲಿ ಕೇಂದ್ರ ಸರ್ಕಾರ ರೈಟ್ ಟು ರಿಪೇರ್ ಅಂತ ಪೋರ್ಟಲ್ಲೂ ತೆಗೀತು. ಇಷ್ಟೆಲ್ಲ ಆದ್ರೂ ಅರಸೀಕೆರೆ ಮೆಕ್ಯಾನಿಕ್ ಕೈಗೆ ಸ್ಕ್ಯಾನರ್ ಬಂದಿಲ್ಲ.

ಹಾಗಂತ ಎಲ್ಲ ಬಿಟ್ಬಿಡಿ ಅಂತಲ್ಲ. ಎಸಿ ಫಿಲ್ಟರು, ಏರ್ ಫಿಲ್ಟರು, ವೈಪರು ಈಗ್ಲೂ ನಾನೇ ಹಾಕೋದು, ಎಸಿ ಫಿಲ್ಟರ್ ಅಂತೂ ಗ್ಲೋವ್ ಬಾಕ್ಸ್ ಹಿಂದೆ ಕೈ ಹಾಕಿದ್ರೆ ಹತ್ತು ನಿಮಿಷದ ಕೆಲಸ. ಎಂಜಿನ್ ಆಯಿಲ್ ಕೂಡ ಮಾಡಬಹುದು, ಆದ್ರೆ ಡಿಪಿಎಫ್ (ಹೊಗೆಯ ಮಸಿ ಹಿಡಿಯೋ ಫಿಲ್ಟರ್) ಇರೋ ಬಿಎಸ್6 ಡೀಸೆಲ್ ಆದ್ರೆ ಮ್ಯಾನುಯಲ್ಲಲ್ಲಿ ಬರೆದಿರೋ ಗ್ರೇಡ್ ಅಕ್ಷರ ಬಿಡದೆ ನೋಡಿ, ಬೂದಿ ಕಮ್ಮಿ ಇರೋ ಆಯಿಲ್ಲೇ ಬೇಕು, ಸಾಮಾನ್ಯ ಡೀಸೆಲ್ ಆಯಿಲ್ ಹುಯ್ದರೆ ಅದು ಸುಟ್ಟ ಬೂದಿ ಡಿಪಿಎಫಲ್ಲಿ ಕೂರುತ್ತೆ, ಆ ಬೂದಿ ರೀಜೆನರೇಷನ್‌ಗೂ, ಅಂದ್ರೆ ಗಾಡಿ ತಾನೇ ಮಸಿ ಸುಟ್ಟು ಫಿಲ್ಟರ್ ಕ್ಲೀನ್ ಮಾಡ್ಕೊಂಡ್ರೂ, ಹೋಗಲ್ಲ. ಸ್ಟಾರ್ಟ್ ಸ್ಟಾಪ್ (ಸಿಗ್ನಲಲ್ಲಿ ಎಂಜಿನ್ ತಾನೇ ಆಫ್ ಆಗಿ ಆನ್ ಆಗೋದು) ಇರೋ ಗಾಡಿಗೆ ಸಿಕ್ಕಿದ ಬ್ಯಾಟರಿ ಹಾಕಬೇಡಿ. ಹಾಲೋ ಬ್ಲಾಕ್ ಮೇಲೆ ಕಾರು ನಿಲ್ಲಿಸಿ ಕೆಳಗೆ ನುಗ್ಗಬೇಡಿ, ಅದು ಬಿರುಕು ಬಿಡೋ ಮುಂಚೆ ಹೇಳಲ್ಲ.

ಹಿಂದಿನ ಬ್ರೇಕ್ ಮುಟ್ಟೋ ಮುಂಚೆ ಮಾತ್ರ ಲಿವರ್ರಾ ಸ್ವಿಚ್ಚಾ ನೋಡ್ಕೊಳ್ಳಿ. ಸ್ವಿಚ್ ಇದ್ರೆ ಇಪಿಬಿ ಸರ್ವಿಸ್ ಮೋಡ್ ಬರೋ ಸ್ಕ್ಯಾನರ್ ಇರೋ ಗ್ಯಾರೇಜ್ ಹುಡುಕಿ, ಬಾಯ್ಬಿಟ್ಟು ಅದೇ ಪದ ಹೇಳಿ ಕೇಳಿ, ಬರೀ ಸ್ಕ್ಯಾನರ್ ಇದೆಯಾ ಅಂದ್ರೆ ಎಲ್ಲರೂ ಇದೆ ಅಂತಾರೆ. ತುಮಕೂರು ರೋಡಲ್ಲಿ ಒಬ್ಬ ಹುಡುಗ ನನ್ನ ಗೆಳೆಯನ ಕಾರಿಗೆ 500 ತಗೊಂಡು ಮೋಡಿಗೆ ಹಾಕಿ, ಗೆಳೆಯನೇ ಪ್ಯಾಡ್ ಕೂರಿಸೋ ತನಕ ಕಾದು, ವಾಪಸ್ ತೆಗೆದುಕೊಟ್ಟ.

ನನ್ನ ಹತ್ರ ಆ ವೈಂಡ್‌ಬ್ಯಾಕ್ ಕಿಟ್ ಹಾಗೇ ಬಿದ್ದಿದೆ, ಜೆಸಿ ರೋಡ್ ಪ್ಯಾಡ್ ಸೆಟ್ಟೂ ಸೀಲ್ ಒಡೆದ ಡಬ್ಬಿಲಿ ಇದೆ. ಲಿವರ್ ಹ್ಯಾಂಡ್‌ಬ್ರೇಕ್ ಇದ್ದು ಹಿಂದೆ ಡಿಸ್ಕ್ ಇರೋ ಗಾಡಿ ಯಾರದ್ದಾದ್ರೂ ಇದ್ರೆ ಕಿಟ್ ಬೇಕಾದ್ರೆ ಹೇಳಿ, ಅರ್ಧ ರೇಟಿಗೆ ಕೊಡ್ತೀನಿ. ಸಿ ಕ್ಲಾಂಪ್ ಮಾತ್ರ ಮಾವ ವಾಪಸ್ ಇಸ್ಕೊಂಡು ಷೆಡ್ಡಿಗೆ ಬೀಗ ಹಾಕಿದ್ದಾರೆ.