200 ಚದರ ಸೆಂ.ಮೀ. ಮಳೆಮಾಪಕ: ಎರಡು ಮಳೆಗಾಲ ಬಳಸಿದ ನಂತರ

ತೀರ್ಥಹಳ್ಳಿ ಸೀಮೆಯ ನಮ್ಮ ಅಡಿಕೆ ತೋಟಕ್ಕೆಂದು ಎರಡು ವರ್ಷಗಳ ಹಿಂದೆ, ಏಪ್ರಿಲ್ ಕೊನೆಯಲ್ಲಿ, ಫೈಬರಿನ ಮಳೆಮಾಪಕವೊಂದನ್ನು ತರಿಸಿಕೊಂಡೆ. 200 ಚದರ ಸೆಂ.ಮೀ. ಬಾಯಿಯ ಆಲಿಕೆ, ಅದರ ಕೆಳಗೊಂದು ಬಾಟಲಿ, ಬಾಟಲಿಯನ್ನು ಕೂರಿಸುವ ತಳಭಾಗ, ಮಿಲಿಮೀಟರ್ ಗೆರೆಗಳುಳ್ಳ ಅಳತೆ ಜಾಡಿ: ಇಷ್ಟೇ ಇದರ ಸಾಮಗ್ರಿ. ಬ್ಯಾಟರಿಯ ಗೊಡವೆಯಿಲ್ಲ. ಬಾಯಿಯ ಅಂಚಿನ ಲೋಹದ ಬಳೆ ಇಂದಿಗೂ ಸೊಟ್ಟಗಾಗಿಲ್ಲ. ಸೋಗೆಯಿಂದ ತೊಟ್ಟಿಕ್ಕುವ ನೀರು ಲೆಕ್ಕ ಕೆಡಿಸುವುದರಿಂದ ತೋಟದೊಳಗೆ ಇಡದೆ, ತೆರೆದ ಅಂಗಳದಲ್ಲಿ ನಿಲ್ಲಿಸಿ, ಹವಾಮಾನ ಇಲಾಖೆಯ ಕ್ರಮದಂತೆ ಬೆಳಿಗ್ಗೆ 8.30ಕ್ಕೆ ಅಳೆಯುತ್ತೇನೆ.

ದೋಷ ಇದ್ದದ್ದು ಜಾಡಿಯಲ್ಲಿ. ಮೇ ತಿಂಗಳಿಡೀ ನನ್ನ ಅಂಕಿ ಪಂಚಾಯಿತಿಯ ಸ್ವಯಂಚಾಲಿತ ಮಾಪಕದ ಅಂಕಿಗಿಂತ ಬಹಳ ಹೆಚ್ಚಿರುತ್ತಿದ್ದರೂ ನಾನು ಅನುಮಾನಪಡಲಿಲ್ಲ. ಏಕೆಂದರೆ ಆ ತಿಂಗಳ ಗುಡುಗು ಮಳೆ ನೆಲದ ಕಾವಿಗೆ ಹುಟ್ಟುವಂಥದ್ದು, ಮಧ್ಯಾಹ್ನದ ಬಿಸಿಲಿಗೆ ಕಾದ ಗಾಳಿ ಅಲ್ಲಲ್ಲಿ ಮೇಲೇರಿ ತಣಿದು ಮೋಡಗಟ್ಟಿದಾಗ ಗುಡ್ಡದ ಈಚೆ ಧೋ ಎಂದು ಸುರಿದು ಆಚೆ ಧೂಳನ್ನೂ ನೆನೆಸದೆ ಹೋಗುವುದುಂಟು. ಆದರೆ ಜೂನ್‌ನಲ್ಲಿ ಮುಂಗಾರು ಹಿಡಿಯಿತು. ಅರಬ್ಬೀ ಸಮುದ್ರದ ಆವಿಯನ್ನು ಹೊತ್ತ ನೈಋತ್ಯದ ಗಾಳಿ ಘಟ್ಟಕ್ಕೆ ಅಡ್ಡಲಾಗಿ ಬಂದು, ಏರುತ್ತ ತಣಿಯುತ್ತ, ಇಡೀ ಹೋಬಳಿಗೆ ಹಗಲು ರಾತ್ರಿ ಸುರಿಯುವ ದಿನಗಳಲ್ಲೂ ನನ್ನ ಅಂಕಿ ಹೆಚ್ಚುಕಡಿಮೆ ಇಮ್ಮಡಿಯೇ ಬರತೊಡಗಿತು. ಆಗ ಅಡುಗೆಮನೆಯಲ್ಲಿ 200 ಮಿ.ಲೀ. ನೀರನ್ನು ಅಳೆದು ಜಾಡಿಗೆ ಹೊಯ್ದೆ. ಈ ಬಾಯಿಯ ಅಗಲಕ್ಕೆ ಅಷ್ಟು ನೀರೆಂದರೆ 10 ಮಿ.ಮೀ. ಮಳೆ, ಜಾಡಿ ತೋರಿಸಿದ್ದು 20. ಅಂಗಡಿಯವರು 100 ಚದರ ಸೆಂ.ಮೀ. ಮಾಪಕದ ಜಾಡಿಯನ್ನು ಕಳಿಸಿದ್ದರು! ತಪ್ಪೊಪ್ಪಿಸಿ ಸರಿಯಾದದ್ದನ್ನು ತರಿಸಿಕೊಳ್ಳಲು ಮೂರು ವಾರ ಹಿಡಿಯಿತು. ಅಷ್ಟರವರೆಗಿನ ಲೆಕ್ಕವನ್ನೆಲ್ಲ ಕೆಂಪು ಶಾಯಿಯಲ್ಲಿ ಅರ್ಧಕ್ಕಿಳಿಸಿದ್ದಾಯಿತು.

ಬಾಟಲಿಯ ವಿಷಯದಲ್ಲೂ ಒಂದು ತಕರಾರಿದೆ. ಇದರೊಂದಿಗೆ ಬಂದದ್ದು 2 ಲೀಟರಿನದು, ಅಂದರೆ 100 ಮಿ.ಮೀ. ಮಳೆಗೆ ತುಂಬಿಬಿಡುತ್ತದೆ. ಜುಲೈನ ಒಂದು ಬೆಳಿಗ್ಗೆ, ಒಂದು ಕೈಯಲ್ಲಿ ಕೊಡೆ ಹಿಡಿದು, ತಳಕ್ಕೆ ಚೆಲ್ಲಿದ್ದನ್ನೂ ಸೇರಿಸಿ, 20 ಮಿ.ಮೀ. ಜಾಡಿಯನ್ನು ಎಂಟು ಸಲ ತುಂಬಿ ಬರಿದು ಮಾಡಿ 142 ಮಿ.ಮೀ. ಎಂದು ಬರೆದುಕೊಂಡೆ. ವರ್ಷಕ್ಕೆ 7,000 ಮಿ.ಮೀ. ದಾಟುವ ಆಗುಂಬೆಯ ಆಸುಪಾಸಿನವರು 4 ಲೀಟರಿನ ಬಾಟಲಿಯನ್ನೇ ಕೇಳಿ ಪಡೆಯುವುದು ಲೇಸು. ಹಿರಿಯೂರಿನ ನಮ್ಮ ಭಾವ ಇದೇ ಮಾಪಕವನ್ನು ಕೊಂಡಿದ್ದಾರೆ; ಅವರ ಬಾಟಲಿ ಈವರೆಗೆ ಒಮ್ಮೆಯೂ ತುಂಬಿಲ್ಲ. ಘಟ್ಟದಲ್ಲಿ ಹೊರೆ ಇಳಿಸಿದ ಗಾಳಿ ಪೂರ್ವದ ಬಯಲಿಗೆ ಇಳಿಯುತ್ತ ಬಿಸಿಯೇರಿ ಒಣಗುವುದರಿಂದ ಅವರ ಮುಂಗಾರಿಗೆ ಮೋಡವೇ ಹೆಚ್ಚು, ಹನಿ ಕಡಿಮೆ. "ನಿಮ್ಮ ಒಂದು ವಾರ ನಮ್ಮ ಒಂದು ವರ್ಷ ಕಣಯ್ಯಾ" ಎಂದು ಫೋನಿನಲ್ಲಿ ಅವರು ಹೇಳುವುದು ಪೂರ್ತಿ ಉತ್ಪ್ರೇಕ್ಷೆಯೇನಲ್ಲ.

ಇವೆರಡನ್ನು ಬಿಟ್ಟರೆ ಮಾಪಕದ ಮೇಲೆ ದೂರಿಲ್ಲ. ಅಡಿಕೆಯ ಕೊಳೆರೋಗ ತಡೆಯಲು ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆದ ಮೇಲೆ ಎಷ್ಟು ಮಳೆ ಬಿತ್ತು, ಎರಡನೆಯ ಸುತ್ತನ್ನು ಎಂದು ಇಟ್ಟುಕೊಳ್ಳಬೇಕು ಎಂಬುದನ್ನು ಈಗ ಪುಸ್ತಕ ನೋಡಿ ತೀರ್ಮಾನಿಸುತ್ತೇನೆ. ಕೊಳ್ಳುವವರು ಹಣ ಕೊಡುವ ಮೊದಲು ಆಲಿಕೆಯ ಅಳತೆಯೂ ಜಾಡಿಯ ಮೇಲಿನ ಅಳತೆಯೂ ಒಂದೇ ಇದೆಯೇ ಎಂದು ನೋಡಿಕೊಳ್ಳಬೇಕು. ತಪ್ಪು ಜಾಡಿಯನ್ನು ಅಂಗಡಿಯವರು ವಾಪಸು ಕೇಳಲಿಲ್ಲ. ಅದರ ಒಂದು ಮಿಲಿಮೀಟರಿಗೆ ಸರಿಯಾಗಿ 10 ಮಿ.ಲೀ. ಹಿಡಿಯುವುದರಿಂದ, ಔಷಧಿಗೆ ಬೆರೆಸುವ ಅಂಟನ್ನು ಅದರಲ್ಲೇ ಅಳೆಯುತ್ತಿದ್ದೇವೆ.