ಹೊಳೆ ನಡಿಗೆಗೆ ದುಡ್ಡು ಕಟ್ಟುವ ಮೊದಲು ಆ ಊರಿನವರನ್ನು ಒಂದು ಮಾತು ಕೇಳಿ

ಹೋದ ಫೆಬ್ರುವರಿಯಲ್ಲಿ ನಾನು ಮತ್ತು ನನ್ನ ತಮ್ಮನ ಮಗಳು ಅಘನಾಶಿನಿ ಕಣಿವೆಯಲ್ಲಿ ನಾಲ್ಕು ದಿನದ ‘ಸಮುದಾಯ ನದಿ ನಡಿಗೆ’ಗೆ ಹೋಗಿದ್ದೆವು. ನಡೆದದ್ದು ಎರಡೂವರೆ ದಿನ. ಆಮೇಲೆ ಹುಡುಗಿ ಆಸ್ಪತ್ರೆಯಲ್ಲಿ ಇದ್ದದ್ದು ಒಂಬತ್ತು ದಿನ. ಮಂಗನ ಕಾಯಿಲೆ.

ಇದನ್ನು ಮೊದಲು ಆಯೋಜಕರ ವಾಟ್ಸಾಪ್ ಗ್ರೂಪಿನಲ್ಲೇ ಹಾಕಿದ್ದೆ. ಜೊತೆಗೆ ನಡೆದ ಉಳಿದ 40 ಜನರಿಗೂ ಗೊತ್ತಾಗಲಿ, ಯಾರಿಗಾದರೂ ಜ್ವರ ಬಂದಿದ್ದರೆ ತೋರಿಸಿಕೊಳ್ಳಲಿ ಅಂತ. ಹತ್ತು ನಿಮಿಷದಲ್ಲಿ ಅಳಿಸಿದರು. ನನ್ನನ್ನೂ ಗ್ರೂಪಿನಿಂದ ತೆಗೆದರು. ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ಇಂಥ ನಡಿಗೆ ಮಾಡಿಸುವವರು ಈಗ ಬಹಳ ಜನ ಇದ್ದಾರೆ. ಒಬ್ಬರ ಹೆಸರು ಹೇಳಿದರೆ ಉಳಿದವರೆಲ್ಲ ಒಳ್ಳೆಯವರು ಅಂದುಕೊಳ್ಳುತ್ತೀರಿ.

ನಮಗೆ ಈ ನಡಿಗೆಯ ಆಸೆ ಯಾಕೆ ಬಂತು ಅಂತ ಹೇಳಬೇಕು. ಹುಬ್ಬಳ್ಳಿಯಲ್ಲಿ ಇರುವ ನಮಗೆ ಶಿರಸಿ ದೂರವೇನಲ್ಲ, ನೂರು ಕಿಲೋಮೀಟರ್ ಆಸುಪಾಸು. ಅಘನಾಶಿನಿ ಶಿರಸಿಯ ಶಂಕರ ಹೊಂಡದಲ್ಲಿ ಹುಟ್ಟಿ, ಸುಮಾರು 120 ಕಿಲೋಮೀಟರ್ ಹರಿದು ಕುಮಟಾ ಹತ್ತಿರ ಸಮುದ್ರ ಸೇರುತ್ತದೆ. ಪಕ್ಕದ ಕಾಳಿಗೆ, ಶರಾವತಿಗೆ ಕಟ್ಟಿದಂತೆ ಇದಕ್ಕೆ ಅಣೆಕಟ್ಟು ಕಟ್ಟಿಲ್ಲ. ಈಗ ಇದರ ನೀರನ್ನೂ ಬಯಲುಸೀಮೆಗೆ ತಿರುಗಿಸುವ ಯೋಜನೆಯ ಮಾತು ನಡೆದಿದೆ. ಹೊಳೆ ಹೀಗೇ ಇರುವಾಗ ಒಮ್ಮೆ ನೋಡಿಬಿಡೋಣ ಅನ್ನಿಸಿತು. ಪೋಸ್ಟರ್‌ನಲ್ಲಿ ‘ಹಳ್ಳಿಗರ ಜೊತೆ, ಹಳ್ಳಿಗರ ಮನೆಯಲ್ಲಿ, ಹಳ್ಳಿಗರ ಊಟ’ ಅಂತ ಇತ್ತು. ತಲೆಗೆ 4,500 ರೂಪಾಯಿ. ಕಟ್ಟಿದೆ.

ಮೊದಲ ದಿನ ಚೆನ್ನಾಗಿಯೇ ಇತ್ತು. ಶಂಕರ ಹೊಂಡದ ದಂಡೆಯಲ್ಲಿ ಹಾಡು, ಭಾಷಣ, ಫೋಟೊ. ಅಲ್ಲಿಂದ ಬಸ್ಸಿನಲ್ಲಿ ಸ್ವಲ್ಪ ದೂರ, ಆಮೇಲೆ ನಡಿಗೆ. ಅಡಿಕೆ ತೋಟದ ನೆರಳು, ಮರದ ಸಂಕ, ಕೆಳಗೆ ಮೊಣಕಾಲುದ್ದ ತಿಳಿನೀರು. ಸಂಕ ದಾಟುವಾಗ ಹುಡುಗಿ ನನ್ನ ಕೈ ಹಿಡಿದುಕೊಂಡಿದ್ದಳು. ನನಗೇ ಹೆದರಿಕೆ ಜಾಸ್ತಿ ಇತ್ತು ಅನ್ನುವುದು ಬೇರೆ ಮಾತು.

ಗಡಬಡ ಶುರುವಾದದ್ದು ರಾತ್ರಿ. ನಾವು ಉಳಿಯಬೇಕಿದ್ದ ಮನೆಯವರಿಗೆ ನಾವು ಬರುವ ವಿಷಯ ತಿಳಿದದ್ದೇ ಹಿಂದಿನ ದಿನ ಸಂಜೆ. ಅದೂ ‘ಹದಿನೈದು ಜನ’ ಅಂತ. ಹೋದವರು 42. ಮನೆಯಲ್ಲಿ ಇದ್ದದ್ದು ಎಪ್ಪತ್ತು ದಾಟಿದ ಅಜ್ಜಿ, ಅವರ ಸೊಸೆ, ಇಬ್ಬರೇ. ಆದರೂ ಅವರು ಮೊದಲು ಕೇಳಿದ್ದು ‘ಆಸರಿಗೆ ಏನು ಬೇಕು?’ ಅಂತ. ಬೆಲ್ಲ, ನೀರು ಕೊಟ್ಟರು. ರಾತ್ರಿ ಹತ್ತೂವರೆ ತನಕ ಒಲೆ ಉರಿಯಿತು. ಅನ್ನ, ಅಪ್ಪೆಹುಳಿ, ಉಪ್ಪಿನಕಾಯಿ. ಕೊನೆಯ ಪಂಕ್ತಿಗೆ ಅಪ್ಪೆಹುಳಿ ಮುಗಿದು ಮಜ್ಜಿಗೆ ಬಂತು. ಅವರಿಗೆ ದುಡ್ಡು ಎಷ್ಟು ಕೊಟ್ಟಿದ್ದೀರಿ ಅಂತ ಬೆಳಿಗ್ಗೆ ಆಯೋಜಕರನ್ನು ಕೇಳಿದೆ. ‘ಇದು ಸಮುದಾಯದ ಕೆಲಸ, ಅವರು ಪ್ರೀತಿಯಿಂದ ಮಾಡುತ್ತಾರೆ’ ಅಂದರು. ಪ್ರೀತಿ ಅವರದು, 4,500 ಇವರದು.

ಹೊರಡುವಾಗ ಅಜ್ಜಿ ನನ್ನನ್ನು ಅಡುಗೆಮನೆ ಬಾಗಿಲ ಹತ್ತಿರ ನಿಲ್ಲಿಸಿದರು. ‘ತಂಗಿ, ಈಗ ಬೆಟ್ಟಕ್ಕೆ ಹೋಗಡಿ (ಹೋಗಬೇಡಿ). ಮೊನ್ನೆ ಮಂಗ ಸತ್ತಿತ್ತು’ ಅಂದರು. ಆಮೇಲೆ ನಮ್ಮ ಹುಡುಗಿಯ ಮೊಣಕಾಲ ತನಕದ ಚಡ್ಡಿ ನೋಡಿ, ‘ಆ ಕೂಸಿಗೆ ಕಾಲು ಮುಚ್ಚೋ ಹಾಂಗಿದ್ದು ಹಾಕ್ಕಳಕ್ಕೆ ಹೇಳು’ ಅಂದರು.

ನಾನು ಇದನ್ನು ನಮ್ಮನ್ನು ಕರೆದುಕೊಂಡು ಹೋಗುತ್ತಿದ್ದ ಹುಡುಗನಿಗೆ ಹೇಳಿದೆ. ಅವನು ನಕ್ಕ. ‘ಮೇಡಂ, ಹಳ್ಳಿಯವರು ಹಾಗೇ ಹೆದರಿಸ್ತಾರೆ. ಉಂಬಳ ಮಳೆಗಾಲದಲ್ಲಿ ಮಾತ್ರ ಇರೋದು.’ ಉಂಬಳ ಅಂದರೆ ಜಿಗಣೆ. ಅಜ್ಜಿ ಅದರ ಮಾತೇ ಎತ್ತಿರಲಿಲ್ಲ. ಅವನಿಗೆ ಮಂಗ ಸತ್ತರೆ ಏನು ಅಂತಲೇ ಗೊತ್ತಿರಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಗೊತ್ತಿರಲಿಲ್ಲ. ಮಂಗನ ಕಾಯಿಲೆ ಅನ್ನುವ ಹೆಸರು ಪೇಪರಿನಲ್ಲಿ ಓದಿದ್ದೆ, ಅಷ್ಟೇ. ಹುಡುಗಿಗೆ ಪ್ಯಾಂಟ್ ಹಾಕಿಕೋ ಅಂದೆ. ‘ಅತ್ತಿ, ಸೆಕಿ ಐತಿ’ ಅಂದಳು. ಬಿಟ್ಟುಬಿಟ್ಟೆ. ಈ ಬರಹದಲ್ಲಿ ಎಲ್ಲ ತಪ್ಪನ್ನೂ ಬೇರೆಯವರ ಮೇಲೆ ಹಾಕುತ್ತಿಲ್ಲ.

ಎರಡನೇ ದಿನ ಸಿದ್ದಾಪುರ ತಾಲೂಕಿನ ಉಂಚಳ್ಳಿ ಜಲಪಾತದ ಕಡೆ. 116 ಮೀಟರ್ ಎತ್ತರದಿಂದ ಬೀಳುವ ನೀರು. ಸದ್ದಿಗೆ ಕಿವಿ ಕೆಪ್ಪಾಗುತ್ತದೆ ಅಂತ ಊರವರು ಕೆಪ್ಪಜೋಗ ಅನ್ನುತ್ತಾರೆ. ಫೆಬ್ರುವರಿಯಲ್ಲಿ ಅಷ್ಟೇನೂ ಕೆಪ್ಪಾಗಲಿಲ್ಲ. ದಾರಿ ಬಹಳಷ್ಟು ಸೊಪ್ಪಿನ ಬೆಟ್ಟದ ಒಳಗೆ ಹಾದಿತ್ತು. ಅಡಿಕೆ ತೋಟದವರು ಸೊಪ್ಪು, ದರಕು ತರುವ ಕಾಡು ಅದು. ದರಕು ಅಂದರೆ ಒಣಗಿ ಉದುರಿದ ಎಲೆ. ಆ ತಿಂಗಳಲ್ಲಿ ಕಣಕಾಲು ಮುಳುಗುವಷ್ಟು ಬಿದ್ದಿರುತ್ತದೆ. ಮಧ್ಯಾಹ್ನ ಅದರ ಮೇಲೇ ನಮ್ಮನ್ನು ಕೂರಿಸಿ ಬುತ್ತಿ ಬಿಚ್ಚಿಸಿದರು. ‘ಪ್ರಕೃತಿಯ ಹಾಸಿಗೆ’ ಅಂದರು. ಊಟ ಆದ ಮೇಲೆ ಒಂದು ತಾಸು ‘ಮೌನ’. ಎಲ್ಲರೂ ದರಕಿನ ಮೇಲೆ ಅಂಗಾತ ಮಲಗಿದೆವು.

ಸಂಜೆ ಶಾಲೆಯ ವರಾಂಡದಲ್ಲಿ ಉಳಿದಾಗ ಹುಡುಗಿ ಮೊಣಕಾಲ ಹಿಂದೆ ತುರಿಸಿಕೊಳ್ಳುತ್ತಿದ್ದಳು. ‘ಅತ್ತಿ, ಇಲ್ಲಿ ಮಚ್ಚಿ ಇರಲಿಲ್ಲಲ್ಲ?’ ಅಂದಳು. ಮೊಬೈಲ್ ಟಾರ್ಚ್ ಹಾಕಿ ನೋಡಿದೆ. ಸಾಸಿವೆಗಿಂತ ಚಿಕ್ಕದು, ಕಂದು ಬಣ್ಣ. ಉಗುರಿನಿಂದ ಮುಟ್ಟಿದೆ. ಮಚ್ಚೆಗೆ ಕಾಲುಗಳಿದ್ದವು.

ಉಣುಗು, ಅಂದರೆ ದನದ ಮೈಗೆ ಹತ್ತುವಂಥ ಉಣ್ಣೆ. ಹುಡುಕಿದರೆ ಇನ್ನೂ ನಾಲ್ಕು ಸಿಕ್ಕವು, ಎರಡು ಸೊಂಟದ ಪಟ್ಟಿಯ ಕೆಳಗೆ. ನನ್ನ ಮೈಮೇಲೆ ಎರಡು. ಒಬ್ಬ ಸ್ವಯಂಸೇವಕ ಬಂದು ಒಂದನ್ನು ಎರಡು ಉಗುರಿನ ನಡುವೆ ಪಟ್ ಅಂತ ಒಡೆದು ತೋರಿಸಿದ, ಹೇನು ಕುಕ್ಕಿದ ಹಾಗೆ. ಅದು ಮಾಡಲೇಬಾರದ ಕೆಲಸ ಅಂತ ಆಮೇಲೆ ಗೊತ್ತಾಯಿತು. ಸಣ್ಣ ಚಿಮಟದಿಂದ ಚರ್ಮಕ್ಕೆ ಅಂಟಿಸಿ ಹಿಡಿದು, ಮೆಲ್ಲಗೆ ನೇರ ಎಳೆದು, ಆ ಜಾಗವನ್ನು ಸೋಪಿನಲ್ಲಿ ತೊಳೆಯಬೇಕಂತೆ.

ಮೂರನೇ ದಿನದ ಕಥೆ ಚಿಕ್ಕದು. ಘಟ್ಟ ಇಳಿಯುವ ಕಡೆ ಅರಣ್ಯ ಇಲಾಖೆಯ ಗಾರ್ಡ್ ತಡೆದರು. ಆ ಕಾಡಿನ ದೊಡ್ಡ ಭಾಗ 2011ರಿಂದ ಸಿಂಗಳೀಕಗಳಿಗಾಗಿ ಸಂರಕ್ಷಿತ ಪ್ರದೇಶ. 42 ಜನರ ಗುಂಪಿಗೆ ಅನುಮತಿ ಪತ್ರ ಎಲ್ಲಿ ಅಂದರೆ ಯಾರ ಹತ್ತಿರವೂ ಇರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ನಡಿಗೆ ಮುಗಿಯಿತು. ಮಿರ್ಜಾನ್ ಕೋಟೆ, ಉಪ್ಪುನೀರಿನ ಗಜನಿ ಗದ್ದೆ, ಬಳಚು ಅನ್ನುವ ಚಿಪ್ಪು ಆರಿಸುವುದು, ಅಳಿವೆಯಲ್ಲಿ ದೋಣಿ, ಪೋಸ್ಟರ್‌ನಲ್ಲಿ ಇದ್ದ ಯಾವುದೂ ಆಗಲಿಲ್ಲ. ಶಿರಸಿ ಬಸ್ ಸ್ಟ್ಯಾಂಡಿನಲ್ಲಿ ಇಳಿಸಿ ಕೈಮುಗಿದರು. ದುಡ್ಡು ವಾಪಸ್ ಬರಲಿಲ್ಲ. ಅದು ಹೋಗಲಿ.

ಉಣುಗು ಕಚ್ಚಿದ ಆರನೇ ದಿನ ಹುಡುಗಿಗೆ ಜ್ವರ ಬಂತು. ನಿಧಾನಕ್ಕೆ ಏರಿದ್ದಲ್ಲ. ಬೆಳಿಗ್ಗೆ ಕಾಲೇಜಿಗೆ ಹೋದವಳು ಮಧ್ಯಾಹ್ನ ನಡುಗುತ್ತ ಬಂದಳು, 103 ಡಿಗ್ರಿ. ಹಣೆ ಸೀಳುವಂಥ ತಲೆನೋವು, ಸೊಂಟ ಮತ್ತು ಮೀನಖಂಡದಲ್ಲಿ ವಿಪರೀತ ನೋವು. ಕಣ್ಣು ಕೆಂಪಾಗಿತ್ತು. ಓಣಿಯ ಡಾಕ್ಟರು ವೈರಲ್ ಅಂದರು. ಎರಡು ದಿನ ಬಿಟ್ಟು ಡೆಂಗಿ ಪರೀಕ್ಷೆ ಮಾಡಿಸಿದರು, ಇಲ್ಲ ಅಂತ ಬಂತು. ಪ್ಲೇಟ್‌ಲೆಟ್ ಮಾತ್ರ ಇಳಿಯುತ್ತಿತ್ತು. ನಾಲ್ಕನೇ ದಿನ ಹಲ್ಲುಜ್ಜುವಾಗ ಒಸಡಿನಲ್ಲಿ ರಕ್ತ. ತಮ್ಮ ಫೋನಿನಲ್ಲಿ ‘ಅಕ್ಕಾ’ ಅಂದ, ಮುಂದೆ ಮಾತೇ ಹೊರಡಲಿಲ್ಲ.

ದೊಡ್ಡಾಸ್ಪತ್ರೆಗೆ ಹೋದಾಗ ಅಲ್ಲಿನ ವಯಸ್ಸಾದ ಡಾಕ್ಟರು ಕೇಳಿದ ಮೊದಲ ಪ್ರಶ್ನೆ: ‘ಈ ಹದಿನೈದು ದಿನದಾಗ ಎಲ್ಲಿಗೆ ಹೋಗಿದ್ರಿ?’ ಆವರೆಗೆ ಯಾರೂ ಕೇಳಿರಲಿಲ್ಲ. ನಾವೂ ಹೇಳಿರಲಿಲ್ಲ. ಸಿದ್ದಾಪುರ ತಾಲೂಕು ಅಂದ ಕೂಡಲೇ ಅವರು ಪೆನ್ನು ಕೆಳಗಿಟ್ಟರು. ರಕ್ತದ ಮಾದರಿ ಶಿವಮೊಗ್ಗದ ಲ್ಯಾಬಿಗೆ ಹೋಯಿತು. ಕೆಎಫ್‌ಡಿ ಅಂತ ಬಂತು, ಅಂದರೆ ಕ್ಯಾಸನೂರು ಕಾಡಿನ ಕಾಯಿಲೆ, ಜನ ಹೇಳುವ ಮಂಗನ ಕಾಯಿಲೆ.

ಅವರೇ ಬಿಡಿಸಿ ಹೇಳಿದ್ದು ಇಷ್ಟು. ಈ ವೈರಸ್ ಸಿಕ್ಕಿದ್ದು 1957ರಲ್ಲಿ, ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ. ಹೆಸರು ಬಂದದ್ದೂ ಹಾಗೆ. ಹರಡುವುದು ಹೆಚ್ಚಾಗಿ ಉಣುಗಿನಿಂದ. ಮಂಗ ಸತ್ತಾಗ ಅದರ ಮೈಮೇಲಿದ್ದ ಉಣುಗುಗಳೆಲ್ಲ ಸುತ್ತಲಿನ ನೆಲಕ್ಕೆ ಉದುರುತ್ತವೆ. ಊರವರು ಮಂಗ ಸತ್ತರೆ ಹೆದರುವುದು ಅದಕ್ಕೇ. ಮರಿ ಉಣುಗುಗಳ ಕಾಟ ಮಳೆ ನಿಂತ ಮೇಲೆ ಶುರುವಾಗಿ ಮತ್ತೆ ಮಳೆ ಬೀಳುವ ತನಕ. ಡಿಸೆಂಬರಿನಿಂದ ಮೇ ಹೊತ್ತಿಗೆ ಕಾಯಿಲೆ ಜಾಸ್ತಿ. ನಮ್ಮಂಥ ಪೇಟೆಯವರಿಗೆ ‘ನಡೆಯಲು ಹಿತವಾದ ಹವೆ’ ಅನ್ನಿಸುವುದು ಅದೇ ತಿಂಗಳುಗಳಲ್ಲಿ ಅಲ್ವಾ? ಕಾಯಿಲೆ ಬಂದ ನೂರರಲ್ಲಿ ಮೂರರಿಂದ ಐದು ಜನ ಉಳಿಯುವುದಿಲ್ಲ. ಇದಕ್ಕೇ ಅಂತ ಔಷಧಿ ಇಲ್ಲ, ನೀರು, ರಕ್ತ, ಜ್ವರ ನೋಡಿಕೊಳ್ಳುತ್ತಾರೆ. ಹಿಂದೆ ಕೊಡುತ್ತಿದ್ದ ಲಸಿಕೆಯನ್ನು 2022ರಲ್ಲಿ ನಿಲ್ಲಿಸಿದರು. ಜ್ವರ ಬಿಟ್ಟ ಮೇಲೂ ಹತ್ತರಲ್ಲಿ ಒಬ್ಬಿಬ್ಬರಿಗೆ ಒಂದೆರಡು ವಾರದ ನಂತರ ತಿರುಗಿ ಬರುತ್ತದೆ, ಆಗ ಮಿದುಳಿಗೆ ತಗಲುತ್ತದೆ. ಆ ಎರಡು ವಾರ ನಮ್ಮ ಮನೆಯಲ್ಲಿ ಯಾರೂ ಸರಿಯಾಗಿ ನಿದ್ದೆ ಮಾಡಲಿಲ್ಲ. ಹುಡುಗಿ ಸುಮ್ನೆ ಕೂತರೂ ‘ಯಾಕ, ಏನಾತು?’ ಅನ್ನುತ್ತಿದ್ದೆವು. ದೇವರ ದಯೆ, ತಿರುಗಿ ಬರಲಿಲ್ಲ. ಆದರೆ ಮಹಡಿ ಹತ್ತಿದರೆ ಏದುಸಿರು ಬರುವುದು ಎರಡು ತಿಂಗಳು ಇತ್ತು. ಆ ವರ್ಷದ ಪರೀಕ್ಷೆ ಹೋಯಿತು.

ಆಯೋಜಕರಿಗೆ ಫೋನ್ ಮಾಡಿದೆ. ‘ನೀವು ಮನೆಗೆ ಹೋದ ಮೇಲೆ ಬಂದ ಜ್ವರಕ್ಕೆ ನಾವೇನು ಮಾಡೋಕಾಗುತ್ತೆ’ ಅಂದರು. ನಾನು ದುಡ್ಡು ಕೇಳಿರಲಿಲ್ಲ. ಉಳಿದವರಿಗೆ ತಿಳಿಸಿ ಅಂತ ಮಾತ್ರ ಕೇಳಿದ್ದೆ.

ನದಿ ನಡಿಗೆಗೆ ಹೋಗಲೇಬೇಡಿ ಅಂತ ನಾನು ಹೇಳುವುದಿಲ್ಲ. ಹಳ್ಳಿಯವರನ್ನು ಮೊದಲೇ ಕೂತು ಕೇಳಿ, ಅವರಿಗೆ ದುಡ್ಡು ಕೊಟ್ಟು, ಅವರು ಬೇಡ ಅಂದ ದಾರಿ ಬಿಟ್ಟು ನಡೆಸುವವರೂ ಇರಬಹುದು. ಅದು ಗೊತ್ತಾಗುವುದು ಕೇಳಿದಾಗಲೇ. ಪೋಸ್ಟರ್‌ನಲ್ಲಿ ಇರುವ ನಂಬರಿಗಲ್ಲ, ಉಳಿಯುವ ಮನೆಯವರ ಜೊತೆಗೇ ಮಾತಾಡಿಸಿ ಅನ್ನಿ. ಎಷ್ಟು ಜನ ಬರುತ್ತಾರೆ ಅಂತ ಅವರಿಗೆ ಗೊತ್ತಾ ಕೇಳಿ. ಆ ಪಂಚಾಯ್ತಿಯ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಫೋನ್ ಮಾಡಿ, ಮಂಗ ಸತ್ತಿದೆಯಾ, ಜ್ವರ ಇದೆಯಾ ಅಂದರೆ ಹೇಳುತ್ತಾರೆ. ಅಲ್ಲಿಯ ಆಶಾ ಕಾರ್ಯಕರ್ತೆಯರು ಕಾಡಿಗೆ ಹೋಗುವವರಿಗೆ ಹಚ್ಚಿಕೊಳ್ಳಲು ಎಣ್ಣೆ ಕೊಡುತ್ತಾರೆ. ನಮ್ಮ 42 ಜನರಲ್ಲಿ ಒಬ್ಬರಿಗೂ ಅಂಥದ್ದೊಂದು ಇದೆ ಅಂತ ತಿಳಿದಿರಲಿಲ್ಲ. ಹೋಗಲೇಬೇಕಾದರೆ ಪ್ಯಾಂಟಿನ ಅಂಚನ್ನು ಸಾಕ್ಸಿನ ಒಳಗೆ ತುರುಕಿ, ದರಕಿನ ಮೇಲೆ ಕೂರಬೇಡಿ. ಉಳಿಯುವ ಜಾಗಕ್ಕೆ ಬಂದ ಕೂಡಲೇ ಬಿಸಿನೀರು, ಸೋಪು. ಬಟ್ಟೆಗೂ ಬಿಸಿನೀರು. ವಾಪಸ್ ಬಂದ ಮೇಲೆ ಎರಡು ವಾರದೊಳಗೆ ಜ್ವರ ಬಂದರೆ ಮೈಕೈ ನೋವಿಗೆ ಸಿಕ್ಕ ಮಾತ್ರೆ ನುಂಗಬೇಡಿ. ಡಾಕ್ಟರು ಕೇಳದಿದ್ದರೂ ‘ಮಲೆನಾಡಿನ ಕಾಡಿಗೆ ಹೋಗಿದ್ದೆ’ ಅಂತ ನೀವೇ ಹೇಳಿ.

ಮಳೆಗಾಲದಲ್ಲಿ ಆ ಅಜ್ಜಿಯ ಮನೆಗೆ ಫೋನ್ ಮಾಡಿದ್ದೆ. ಅವತ್ತಿನ ಊಟದ್ದು ಅಂತ ಸ್ವಲ್ಪ ದುಡ್ಡು ಕಳಿಸಿದೆ, ಬೇಡ ಬೇಡ ಅಂದು ಕೊನೆಗೆ ತೆಗೆದುಕೊಂಡರು. ‘ಕೂಸು ಹೇಗಿದ್ದು?’ ಅಂತ ಮೂರು ಸಲ ಕೇಳಿದರು. ಈಗ ಬನ್ನಿ, ಈಗ ಬರೀ ಉಂಬಳ, ರಕ್ತ ಕುಡಿದು ತಾನೇ ಬಿಟ್ಟು ಹೋಗ್ತು ಅಂತ ನಕ್ಕರು.

ಮೊನ್ನೆ ಅದೇ ಆಯೋಜಕರ ಹೊಸ ಪೋಸ್ಟರ್ ಬಂದಿದೆ. ಈ ಸಲ ಜನವರಿ ಕೊನೆಗೆ, ಐದು ದಿನ, 5,500 ರೂಪಾಯಿ. ಮೇಲಿನ ಫೋಟೊದಲ್ಲಿ ಒಂದಷ್ಟು ಜನ ಕಾಡಿನಲ್ಲಿ ಕೂತು ಊಟ ಮಾಡುತ್ತಿದ್ದಾರೆ. ಎಡಗಡೆ ತುದಿಯಲ್ಲಿ ದರಕಿನ ಮೇಲೆ ಕಾಲು ಚಾಚಿ ನಗುತ್ತಿರುವ ಹುಡುಗಿ ನಮ್ಮವಳು. ತೆಗೆಯಿರಿ ಅಂತ ಮೆಸೇಜ್ ಹಾಕಿ ನಾಲ್ಕು ದಿನವಾಯಿತು. ನೋಡಿದ್ದಾರೆ, ಉತ್ತರ ಬಂದಿಲ್ಲ.